ಭೂಕಾಂತ ವೀಕ್ಷಣಾಲಯದ ಕೆಲಸ: ಇನ್ನೊಬ್ಬರು ನಂಬಬಹುದಾದ ಅಂಕಿ

ಸೂರ್ಯನ ಅಧ್ಯಯನ ಎಂದರೆ ದೂರದರ್ಶಕ, ಉಪಗ್ರಹ ಎಂದುಕೊಂಡವರಿಗೆ ನನ್ನ ಕೆಲಸ ಕೊಂಚ ವಿಚಿತ್ರವಾಗಿ ಕಾಣುತ್ತದೆ. ನಾನು ಸೂರ್ಯನ ಕಡೆ ಉಪಕರಣ ತಿರುಗಿಸುವುದೇ ಅಪರೂಪ, ಅದೂ ನಿಜವಾದ ಉತ್ತರ ದಿಕ್ಕು ಯಾವುದೆಂದು ಖಚಿತ ಮಾಡಿಕೊಳ್ಳುವುದಕ್ಕೆ. ಉಳಿದಂತೆ ಒಂದು ಕಬ್ಬಿಣದ ಮೊಳೆಯೂ ಇಲ್ಲದ ಪುಟ್ಟ ಕೋಣೆಯಲ್ಲಿ ನಿಂತು ಭೂಮಿಯ ಕಾಂತಕ್ಷೇತ್ರ ಅಳೆಯುತ್ತೇನೆ. ಸೂರ್ಯನಿಂದ ಸಿಡಿದ ವಿದ್ಯುದಾವಿಷ್ಟ ಕಣಗಳ ಮೋಡ ಭೂಮಿಗೆ ಬಂದು ಬಡಿದಾಗ, ಸಾವಿರಾರು ಕಿಲೋಮೀಟರ್ ಎತ್ತರದಲ್ಲಿ ಭೂಮಿಯನ್ನು ಸುತ್ತುವರಿದ ವಿದ್ಯುತ್ ಪ್ರವಾಹ ಬಲಗೊಳ್ಳುತ್ತದೆ. ಆ ಪ್ರವಾಹ ಹುಟ್ಟಿಸುವ ಕ್ಷೇತ್ರ ಭೂಮಿಯ ಕ್ಷೇತ್ರಕ್ಕೆ ಎದುರಾಗಿರುವುದರಿಂದ ನೆಲದ ಮೇಲಿನ ನನ್ನ ಉಪಕರಣದಲ್ಲಿ ಅಂಕಿ ಇಳಿಯುತ್ತದೆ. ಆ ಇಳಿತವನ್ನು ಯಾರು ಬೇಕಾದರೂ ನನ್ನನ್ನು ಕೇಳದೆಯೇ ಬಳಸುವಂತೆ ಮಾಡಿಡುವುದು ನನ್ನ ಹೊಣೆ. ಈ ಕ್ಷೇತ್ರದಲ್ಲಿ ಅಂತರರಾಷ್ಟ್ರೀಯ ಸಹಕಾರ ಅನ್ನುವುದು ಬಹುಪಾಲು ಇಷ್ಟೇ. ಒಪ್ಪಂದಕ್ಕೆ ಸಹಿ ಹಾಕುವ ಫೋಟೊಗಳಲ್ಲಿ ಇದು ಕಾಣಿಸುವುದಿಲ್ಲ.

ಒಂದೇ ಕೇಂದ್ರದ ಅಂಕಿಯಿಂದ ಹೆಚ್ಚೇನೂ ತಿಳಿಯುವುದಿಲ್ಲ. ಸೂರ್ಯನಿಂದ ಭೂಮಿಯ ಕ್ಷೇತ್ರದಲ್ಲಿ ಏಳುವ ಈ ಅಲ್ಲೋಲಕಲ್ಲೋಲ, ಅಂದರೆ ಕಾಂತಬಿರುಗಾಳಿ, ಎಷ್ಟು ಜೋರಿನದು ಎಂದು ಹೇಳುವ ಕೆಪಿ ಸೂಚ್ಯಂಕವನ್ನು ಜರ್ಮನಿಯ ಪೊಟ್ಸ್‌ಡಾಮ್‌ನಲ್ಲಿ ಲೆಕ್ಕ ಹಾಕುತ್ತಾರೆ, ಅದಕ್ಕೆ ಬೇರೆ ಬೇರೆ ದೇಶಗಳ 13 ವೀಕ್ಷಣಾಲಯಗಳ ಅಂಕಿ ಬೇಕು. ಮೇಲೆ ಹೇಳಿದ ಇಳಿತವನ್ನು ಅಳೆಯುವ ಡಿಎಸ್‌ಟಿ ಸೂಚ್ಯಂಕ ಜಪಾನಿನ ಕ್ಯೋಟೊದಲ್ಲಿ ತಯಾರಾಗುತ್ತದೆ. ದಕ್ಷಿಣ ಆಫ್ರಿಕಾದ ಹರ್ಮಾನಸ್, ಜಪಾನಿನ ಕಾಕಿಯೋಕಾ, ಹವಾಯಿಯ ಹೊನೊಲುಲು, ಪೋರ್ಟೊರಿಕೊದ ಸ್ಯಾನ್ ವಾನ್ ಅದರ ನಾಲ್ಕು ಕಂಬಗಳು. ನಮ್ಮ ಕೇಂದ್ರ ಈ ಎರಡು ಪಟ್ಟಿಯಲ್ಲೂ ಇಲ್ಲ. ಹಾಗಾದರೆ ನಿಮ್ಮದು ಯಾಕೆ ಬೇಕು ಎಂದು ಆಡಿಟ್‌ನವರು ಕೇಳಿದ್ದುಂಟು. ಸೂಚ್ಯಂಕ ಇಡೀ ಭೂಮಿಗೆ ಒಂದೇ ಸಂಖ್ಯೆ ಕೊಡುತ್ತದೆ, ಯಾವ ಕಡೆ ಎಷ್ಟು ಪೆಟ್ಟು ಬಿತ್ತು ಎಂಬುದನ್ನು ಕೊಡುವುದಿಲ್ಲ ಎಂದು ಉತ್ತರ ಬರೆದೆ. 1989ರ ಮಾರ್ಚ್‌ನಲ್ಲಿ ಇಂಥ ಒಂದು ಬಿರುಗಾಳಿಗೆ ಕೆನಡಾದ ಕ್ವಿಬೆಕ್‌ನ ವಿದ್ಯುತ್ ಜಾಲ ಕುಸಿದು ಸುಮಾರು 60 ಲಕ್ಷ ಜನ ಕತ್ತಲಲ್ಲಿ ಕೂತರು. ಅಂಥ ಪೆಟ್ಟು ಬೀಳುವುದು ಒಂದು ಪ್ರದೇಶಕ್ಕೆ. ಅಲ್ಲಿ ನೆಲದ ಮೇಲೆ ಕ್ಷೇತ್ರ ಎಷ್ಟು ಬೇಗ ಬದಲಾಯಿತು ಎಂದು ಹೇಳಲು ಅಲ್ಲಿಯೇ ಒಂದು ಮಾಪಕ ಇರಬೇಕು.

ಇನ್ನು ಕೆಲಸದ ವಿಷಯ. ವೀಕ್ಷಣಾಲಯದಲ್ಲಿ ಎರಡು ಬಗೆಯ ಅಳತೆ ನಡೆಯುತ್ತದೆ, ಹೊಸಬರು ಮೊದಲನೆಯದನ್ನೇ ಸರ್ವಸ್ವ ಅಂದುಕೊಳ್ಳುತ್ತಾರೆ. ಮೂರು ದಿಕ್ಕಿನ ಫ್ಲಕ್ಸ್‌ಗೇಟ್ ಮ್ಯಾಗ್ನೆಟೋಮೀಟರ್, ಅಂದರೆ ಒಂದು ಬಗೆಯ ಕಾಂತಮಾಪಕ, ಹಗಲು ರಾತ್ರಿ ತಾನೇ ಓಡುತ್ತಿರುತ್ತದೆ. ಆದರೆ ಅದು ಕೊಡುವುದು ಏರಿಳಿತವನ್ನು ಮಾತ್ರ. ಕೋಣೆಯ ಉಷ್ಣತೆ ಬದಲಾದರೆ, ಮಳೆಗೆ ನೆಲ ಕುಸಿದು ಅದು ಕೂತ ಕಂಬ ಕೂದಲೆಳೆಯಷ್ಟು ವಾಲಿದರೆ ಅದರ ಅಂಕಿ ನಿಧಾನವಾಗಿ ಜಾರುತ್ತದೆ, ಜಾರಿದ್ದು ಅದಕ್ಕೆ ಗೊತ್ತಾಗುವುದಿಲ್ಲ. ಅದಕ್ಕೇ ವಾರಕ್ಕೊಮ್ಮೆಯಾದರೂ ಮನುಷ್ಯ ಹೋಗಿ ಕೈಯಿಂದ ನಿರಪೇಕ್ಷ ಅಳತೆ, ಅಂದರೆ ಏರಿಳಿತದ ಬದಲು ಕ್ಷೇತ್ರದ ಪೂರ್ತಿ ಬೆಲೆಯ ಅಳತೆ, ಮಾಡಬೇಕು. ಆ ಎರಡರ ವ್ಯತ್ಯಾಸವೇ ಬೇಸ್‌ಲೈನ್. ಒಂದು ವೀಕ್ಷಣಾಲಯದ ಮಾನ ಉಳಿಯುವುದು ಹೋಗುವುದು ಈ ಬೇಸ್‌ಲೈನ್‌ನಲ್ಲಿ.

ಒಳಗೆ ಹೋಗುವ ಮೊದಲು ಬೆಲ್ಟು, ಕೀಲಿಕೈ, ವಾಚು, ಮೊಬೈಲು, ಪೆನ್ನು ಎಲ್ಲ ಹೊರಗೆ. ಕನ್ನಡಕದ ಚೌಕಟ್ಟಿನ ಸ್ಕ್ರೂ ಕೂಡ ಒಮ್ಮೊಮ್ಮೆ ಕೈಕೊಡುತ್ತದೆ. ಕೆಲವು ಶೂಗಳ ಅಟ್ಟೆಯೊಳಗೆ ಉಕ್ಕಿನ ಪಟ್ಟಿ ಇರುತ್ತದೆ, ಆದ್ದರಿಂದ ನಾನು ಬರಿಗಾಲಲ್ಲೇ ಹೋಗುತ್ತೇನೆ. ಕಂಬದ ಮೇಲೆ ಉಕ್ಕಿಲ್ಲದ ಥಿಯೋಡೊಲೈಟ್ (ಕೋನ ಅಳೆಯುವ ದುರ್ಬೀನು), ಅದರ ದುರ್ಬೀನಿನ ಬೆನ್ನಿಗೆ ಒಂದು ಫ್ಲಕ್ಸ್‌ಗೇಟ್ ಸಂವೇದಕ. ಮೊದಲು ಕಿಟಕಿಯಾಚೆ ದೂರದಲ್ಲಿ ನೆಟ್ಟ ಗುರುತುಕಲ್ಲನ್ನು ನೋಡಿ ಕೋನ ಬರೆದುಕೊಳ್ಳಬೇಕು. ಅದರ ನಿಜ ದಿಕ್ಕು ನಮಗೆ ಮೊದಲೇ ಗೊತ್ತು. ಆಮೇಲೆ ದುರ್ಬೀನನ್ನು ಅಡ್ಡಲಾಗಿಟ್ಟು ಮೆಲ್ಲಗೆ ತಿರುಗಿಸುತ್ತಾ ಹೋದರೆ ಸಂವೇದಕದ ಅಂಕಿ ಸೊನ್ನೆಗೆ ಬರುತ್ತದೆ. ಅಲ್ಲಿಗೆ ಸಂವೇದಕ ಕಾಂತ ಉತ್ತರಕ್ಕೆ ಲಂಬವಾಗಿ ನಿಂತಿದೆ ಎಂದರ್ಥ. ಒಂದೇ ಸಲ ಓದಿದರೆ ಸಾಲದು. ಸಂವೇದಕ ಮೇಲೆ, ಕೆಳಗೆ, ಪೂರ್ವಕ್ಕೆ, ಪಶ್ಚಿಮಕ್ಕೆ ಹೀಗೆ ನಾಲ್ಕು ಸ್ಥಿತಿಗಳಲ್ಲಿ ಓದಿ ಸರಾಸರಿ ತೆಗೆದರೆ ಸಂವೇದಕವನ್ನು ಕೂರಿಸುವಾಗ ಉಳಿದ ಸಣ್ಣ ವಕ್ರತೆ ಒಂದನ್ನೊಂದು ಹೊಡೆದುಹಾಕುತ್ತದೆ. ಇದೇ ಉಪಾಯವನ್ನು ಲಂಬ ಸಮತಲದಲ್ಲಿ ಇನ್ನೊಂದು ನಾಲ್ಕು ಸಲ ಮಾಡಿದರೆ ಕ್ಷೇತ್ರ ನೆಲದೊಳಕ್ಕೆ ಎಷ್ಟು ಬಾಗಿದೆ ಎಂಬುದು ಸಿಗುತ್ತದೆ. ಒಟ್ಟು ಬಲವನ್ನು ಪಕ್ಕದ ಕಂಬದ ಪ್ರೋಟಾನ್ ಮ್ಯಾಗ್ನೆಟೋಮೀಟರ್ ಹೇಳುತ್ತದೆ.

40,000 ನ್ಯಾನೋಟೆಸ್ಲಾ (ಕಾಂತಕ್ಷೇತ್ರದ ಬಲದ ಅಳತೆಮಾನ) ಕ್ಷೇತ್ರದಲ್ಲಿ ಕೋನ ಒಂದು ಸೆಕೆಂಡಿನಷ್ಟು, ಅಂದರೆ ಡಿಗ್ರಿಯ 3,600ನೇ ಒಂದು ಭಾಗ ತಪ್ಪಿದರೆ ಸುಮಾರು 0.2 ನ್ಯಾನೋಟೆಸ್ಲಾ ತಪ್ಪುತ್ತದೆ. ಇದು ಅವಸರದವರ ಕೆಲಸವಲ್ಲ. ಪ್ರತಿ ಓದಿನ ಹೊತ್ತನ್ನೂ ಸೆಕೆಂಡಿನವರೆಗೆ ಬರೆಯಬೇಕು, ಏಕೆಂದರೆ ನಾನು ಸ್ಕ್ರೂ ತಿರುಗಿಸುವ ಹೊತ್ತಲ್ಲೂ ಕ್ಷೇತ್ರ ಅಲುಗಾಡುತ್ತಲೇ ಇರುತ್ತದೆ. ಅದೇ ಸೆಕೆಂಡಿನ ಫ್ಲಕ್ಸ್‌ಗೇಟ್ ಅಂಕಿಯನ್ನು ಎದುರಿಗಿಟ್ಟು ಕಳೆದಾಗ ಮಾತ್ರ ಬೇಸ್‌ಲೈನ್ ಸಿಗುತ್ತದೆ.

ಗಡಿಯಾರದ ಈ ಶಿಸ್ತು ಹಳೆಯದು. 1830ರ ದಶಕದಲ್ಲಿ ವಿಜ್ಞಾನಿಗಳಾದ ಗೌಸ್ ಮತ್ತು ವೆಬರ್ ಜರ್ಮನಿಯ ಗೊಟ್ಟಿಂಗೆನ್‌ನಲ್ಲಿ ಕಾಂತ ಸಂಘ ಕಟ್ಟಿದಾಗ, ಗೊತ್ತುಮಾಡಿದ ದಿನಗಳಂದು ದೂರದೂರದ ಕೇಂದ್ರಗಳೆಲ್ಲ ಗೊಟ್ಟಿಂಗೆನ್ ಸಮಯಕ್ಕೆ ಗಡಿಯಾರ ಹೊಂದಿಸಿಕೊಂಡು ಐದು ನಿಮಿಷಕ್ಕೊಮ್ಮೆ ಸೂಜಿ ಓದುತ್ತಿದ್ದವು. ಒಂದು ಕಡೆ ಸೂಜಿ ಅಲುಗಿದ ಕ್ಷಣದಲ್ಲೇ ಇನ್ನೊಂದು ದೇಶದಲ್ಲೂ ಅಲುಗುತ್ತದೆ ಎಂದು ಗೊತ್ತಾದದ್ದು ಹಾಗೆ. ಅವರು ಕೈಯಲ್ಲಿ ಬರೆದ ಪುಟಗಳು ಇಂದಿಗೂ ಓದಲು ಬರುತ್ತವೆ. 1859ರ ಸೆಪ್ಟೆಂಬರ್ ಆರಂಭದ ಮಹಾ ಬಿರುಗಾಳಿ, ಕ್ಯಾರಿಂಗ್ಟನ್ ಹೆಸರಿನದು, ಎಷ್ಟು ದೊಡ್ಡದು ಎಂಬ ಅಂದಾಜಿಗೆ ಇಂದಿನವರು ಮೊರೆಹೋಗುವುದು ಮುಂಬೈ ಕೊಲಾಬಾ ವೀಕ್ಷಣಾಲಯದ ದಾಖಲೆಗೆ. ಅಲ್ಲಿ ಕ್ಷೇತ್ರ ಸುಮಾರು 1,600 ನ್ಯಾನೋಟೆಸ್ಲಾ ಕುಸಿದಿತ್ತು. ಬರೆದಿಟ್ಟವರಿಗೆ ಅದನ್ನು ಯಾರು ಯಾಕೆ ನೋಡುತ್ತಾರೆಂಬ ಕಲ್ಪನೆಯೇ ಇರಲಿಕ್ಕಿಲ್ಲ. ಆದರೂ ಹೊತ್ತನ್ನೂ ಉಪಕರಣದ ವಿವರವನ್ನೂ ಬರೆದಿಟ್ಟರು.

ಹಂಚಿಕೊಳ್ಳುವ ಪದ್ಧತಿ ಗಟ್ಟಿಯಾದದ್ದು 1957ರ ಜುಲೈನಿಂದ 1958ರ ಡಿಸೆಂಬರ್‌ವರೆಗೆ ನಡೆದ ಅಂತರರಾಷ್ಟ್ರೀಯ ಭೂಭೌತ ವರ್ಷದಲ್ಲಿ. ಸೂರ್ಯ ಅತಿ ಚಟುವಟಿಕೆಯಲ್ಲಿದ್ದ ಕಾಲವನ್ನೇ ಬೇಕೆಂದು ಆರಿಸಿಕೊಂಡಿದ್ದರು. ಶೀತಲ ಸಮರ ಜೋರಾಗಿದ್ದ ಕಾಲವೂ ಅದೇ. ಸ್ಪುಟ್ನಿಕ್ ಹಾರಿದ್ದು ಆ ಅವಧಿಯಲ್ಲೇ. ಹಾಗಿದ್ದೂ ವಿಶ್ವ ದತ್ತಾಂಶ ಕೇಂದ್ರಗಳನ್ನು ಒಂದು ಅಮೆರಿಕದಲ್ಲಿ, ಒಂದು ಸೋವಿಯತ್ ಒಕ್ಕೂಟದಲ್ಲಿ, ಉಳಿದವನ್ನು ಯುರೋಪು, ಜಪಾನು ಮುಂತಾದೆಡೆ ಇಟ್ಟು, ಎಲ್ಲ ಕಡೆ ಪ್ರತಿ ಇರುವಂತೆ ನೋಡಿಕೊಂಡರು. ಒಬ್ಬನೇ ಯಜಮಾನನಿಲ್ಲದ ಆ ವ್ಯವಸ್ಥೆಯನ್ನು ನಾನು ಅಂದಿನ ಉಪಗ್ರಹಗಳಿಗಿಂತ ದೊಡ್ಡ ಸಾಧನೆ ಅನ್ನುತ್ತೇನೆ. ಒಪ್ಪದವರು ಬಹಳ ಇದ್ದಾರೆ.

ಈಗ ನಾವು ಅಂಕಿ ಕಳಿಸುವುದು ಇಂಟರ್‌ಮ್ಯಾಗ್ನೆಟ್ ಜಾಲದ ನಿಯಮಗಳಿಗೆ ಅನುಸಾರವಾಗಿ. 1980ರ ದಶಕದ ಕೊನೆಯಲ್ಲಿ ಶುರುವಾದ ಈ ಜಾಲದಲ್ಲಿ ನೂರಕ್ಕೂ ಹೆಚ್ಚು ವೀಕ್ಷಣಾಲಯಗಳಿವೆ. ನಿಮಿಷಕ್ಕೊಂದು ಅಂಕಿ, ವಿಶ್ವ ಸಮಯದಲ್ಲಿ ಹೊತ್ತು, ಎಲ್ಲರಿಗೂ ಒಂದೇ ರೀತಿಯ ಸಾದಾ ಅಕ್ಷರದ ಕಡತ. ಯಾವ ಕಂಪ್ಯೂಟರಿನಲ್ಲಾದರೂ ತೆರೆಯುತ್ತದೆ. ಅಂಕಿ ಇಲ್ಲದ ಜಾಗದಲ್ಲಿ 99999 ಎಂದು ಬರೆಯಬೇಕು. ಕೇಳಲು ಸಣ್ಣ ವಿಷಯ, ಆದರೆ ನಾನು ಅತಿ ಹೆಚ್ಚು ಜಗಳವಾಡಿದ್ದು ಇದಕ್ಕಾಗಿಯೇ. ರೇಖೆ ತುಂಡಾಗಿ ಕಂಡರೆ ಮೇಲಿನವರಿಗೆ ಮುಜುಗರ. ಅಕ್ಕಪಕ್ಕದ ಅಂಕಿ ಸೇರಿಸಿ ತುಂಬಿಬಿಡಿ ಎಂದು ಹೇಳಿದವರಿದ್ದಾರೆ. ಹಾಗೆ ತುಂಬಿದ ಹತ್ತು ನಿಮಿಷವನ್ನು ದೂರದಲ್ಲಿ ಯಾರೋ ನಿಜವೆಂದು ನಂಬಿ ಲೆಕ್ಕ ಹಾಕುತ್ತಾರೆ. ಖಾಲಿ ಜಾಗವನ್ನು ಖಾಲಿ ಎಂದೇ ಹೇಳಿದರೆ ಅವರು ಪಕ್ಕದ ಕೇಂದ್ರಕ್ಕೆ ಹೋಗುತ್ತಾರೆ, ಯಾರಿಗೂ ನಷ್ಟವಿಲ್ಲ. ಇನ್ನೊಂದು ಬಗೆಯವರೂ ಉಂಟು: ಒಂದು ಸಂಸ್ಥೆ ಗಂಟೆಯ ಸರಾಸರಿ ಮಾತ್ರ ಕೊಟ್ಟು, ನಿಮಿಷದ ಅಂಕಿಯನ್ನು ಕೇಳಿದಾಗಲೆಲ್ಲ ಅರ್ಜಿ ನಮೂನೆ ಕಳಿಸುತ್ತಿತ್ತು. ಗಂಟೆಯ ಸರಾಸರಿಯಲ್ಲಿ ಬಿರುಗಾಳಿಯ ಮೊದಲ ಹೊಡೆತ ಕರಗಿಹೋಗುತ್ತದೆ.

ಕೃತಕ ಗದ್ದಲವನ್ನು ಬೇರ್ಪಡಿಸಲು ನೆರೆಯ ಕೇಂದ್ರವಿಲ್ಲದೆ ಸಾಗದು. ಹತ್ತಿರದಲ್ಲಿ ಟ್ರಾಕ್ಟರ್ ಬಂದು ನಿಂತರೆ ರೇಖೆ ಮೆಟ್ಟಿಲಿನಂತೆ ಒಮ್ಮೆಗೇ ಏರಿ, ಹೊರಟಾಗ ಅಷ್ಟೇ ಇಳಿಯುತ್ತದೆ. ಸೂರ್ಯನ ಕಾರಣಕ್ಕೆ ಆದದ್ದು ನೂರಾರು ಕಿಲೋಮೀಟರ್ ಆಚೆಯೂ ಕಾಣಬೇಕು. ಅನುಮಾನ ಬಂದ ಕೂಡಲೇ ಪಕ್ಕದ ದೇಶದ ರೇಖೆಯನ್ನು ನಮ್ಮದರ ಮೇಲಿಟ್ಟು ನೋಡುತ್ತೇನೆ. ಮತ್ತೊಂದು ಪರೀಕ್ಷೆ ನಮ್ಮಲ್ಲೇ ಇದೆ. ಫ್ಲಕ್ಸ್‌ಗೇಟಿನ ಮೂರು ಅಂಕಿಗಳಿಂದ ಒಟ್ಟು ಬಲ ಲೆಕ್ಕ ಹಾಕಿ, ಪ್ರೋಟಾನ್ ಮಾಪಕ ಕೊಟ್ಟ ಒಟ್ಟು ಬಲವನ್ನು ಅದರಿಂದ ಕಳೆಯುವುದು. ಉತ್ತರ ಸದಾ ಚಪ್ಪಟೆ ರೇಖೆಯಾಗಿರಬೇಕು. ಡೊಂಕಾದರೆ ಎರಡರಲ್ಲಿ ಒಂದು ಸುಳ್ಳು ಹೇಳುತ್ತಿದೆ.

2024ರ ಮೇ 10ರಂದು ವಿಶ್ವ ಸಮಯ 17:05ಕ್ಕೆ ನಮ್ಮ ರೇಖೆ ಚಕ್ಕನೆ ಮೇಲೆ ಹಾರಿತು. ಸೌರಮಾರುತದ ಒತ್ತಡಕ್ಕೆ ಭೂಮಿಯ ಕಾಂತಗೋಳ ಕುಗ್ಗಿದ ಗುರುತು ಅದು. ಆಗ ಜಗತ್ತಿನ ಕೇಂದ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹಾರುತ್ತವೆ. ಆಮೇಲೆ ಶುರುವಾದ ಇಳಿತ ಮರುದಿನದವರೆಗೂ ಹೋಯಿತು. ಡಿಎಸ್‌ಟಿ ಸೊನ್ನೆಗಿಂತ ಸುಮಾರು 400 ನ್ಯಾನೋಟೆಸ್ಲಾ ಕೆಳಕ್ಕಿಳಿಯಿತು, ಕೆಪಿ ತನ್ನ ತುದಿಯಾದ 9 ಮುಟ್ಟಿತು. ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿಲೋಮೀಟರ್ ದೂರದ ಎಲ್1 ಬಿಂದುವಿನ ಬಳಿ ಆಗ ಅಮೆರಿಕ ಮತ್ತು ಯುರೋಪಿನ ನೌಕೆಗಳ ಜೊತೆ ಭಾರತದ ಆದಿತ್ಯ-ಎಲ್1 ಕೂಡ ಇತ್ತು, ಅಲ್ಲಿಗೆ ತಲುಪಿ ನಾಲ್ಕು ತಿಂಗಳಾಗಿತ್ತು. ಅದರ ಸಂಪರ್ಕಕ್ಕೆ ಯುರೋಪಿನ ಬಾಹ್ಯಾಕಾಶ ಸಂಸ್ಥೆಯ ಆಂಟೆನಾಗಳೂ ಕೈಜೋಡಿಸುತ್ತವೆ. ವೇಗದ ಸೌರಮಾರುತವಾದರೆ ಅಲ್ಲಿಂದ ನಮಗೆ ಸಿಗುವ ಮುನ್ಸೂಚನೆ ಒಂದು ಗಂಟೆಯೂ ಅಲ್ಲ. ಏನು ಬರುತ್ತಿದೆ ಎಂದು ಆ ನೌಕೆಗಳು ಹೇಳುತ್ತವೆ, ಬಂದದ್ದು ನೆಲಕ್ಕೆ ಏನು ಮಾಡಿತು ಎಂಬುದು ನಮ್ಮಂಥವರ ಕಡತದಲ್ಲಿರುತ್ತದೆ.

ಆ ರಾತ್ರಿ ನಾನು ಥಿಯೋಡೊಲೈಟ್ ಮುಟ್ಟಲಿಲ್ಲ. ಸೊನ್ನೆ ಹಿಡಿಯುವಷ್ಟರಲ್ಲಿ ಸೊನ್ನೆಯೇ ಓಡಿಹೋಗುವಾಗ ಓದುಗಳು ಚದುರುತ್ತವೆ. ಮಾಡಿದ ಕೆಲಸ ಎರಡೇ: ವಿದ್ಯುತ್ ಹೋದರೆ ಬ್ಯಾಟರಿ ಎಷ್ಟು ಹೊತ್ತು ತಡೆಯುತ್ತದೆ ಎಂದು ನೋಡಿದ್ದು, ಜಿಪಿಎಸ್ ಗಡಿಯಾರ ಹಿಡಿತ ಬಿಟ್ಟಿಲ್ಲವೆಂದು ಆಗಾಗ ಖಚಿತಪಡಿಸಿಕೊಂಡದ್ದು. ಕ್ಷೇತ್ರ ತಣ್ಣಗಾದ ಮೇಲೆ ಬರಿಗಾಲಲ್ಲಿ ಒಳಗೆ ಹೋಗಿ, ಎಂದಿನದಕ್ಕಿಂತ ಹೆಚ್ಚು ಸುತ್ತು ಅಳೆದೆ. ದೊಡ್ಡ ಬಿರುಗಾಳಿ ವೀಕ್ಷಕನಿಗೆ ಪುಕ್ಕಟೆ ಸಿಗುವ ಪರೀಕ್ಷೆ. ಸಂವೇದಕದ ಸ್ಕೇಲ್, ಅಂದರೆ ಅದರ ಓದನ್ನು ನ್ಯಾನೋಟೆಸ್ಲಾಗೆ ಬದಲಿಸುವ ಗುಣಕ, ಸಾವಿರದಲ್ಲಿ ಒಂದೆರಡು ಪಾಲು ತಪ್ಪಿದ್ದರೆ ಸಾಮಾನ್ಯ ದಿನಗಳಲ್ಲಿ ಯಾರಿಗೂ ಕಾಣದು; ಬಿರುಗಾಳಿಯ ದಿನ ಆ ಚಪ್ಪಟೆ ರೇಖೆಯಲ್ಲಿ ಬಿರುಗಾಳಿಯದೇ ಸಣ್ಣ ಪ್ರತಿ ಮೂಡುತ್ತದೆ.

ತಕ್ಷಣದ ಅಂಕಿ ಕೊಟ್ಟರೆ ಕೆಲಸ ಮುಗಿಯಿತು ಎಂಬ ಭಾವನೆ ಇತ್ತೀಚೆಗೆ ಬೆಳೆದಿದೆ, ದುಡ್ಡೂ ಆ ಕಡೆಗೇ ಹರಿಯುತ್ತದೆ. 2013ರಲ್ಲಿ ಹಾರಿದ, ಭೂಕಾಂತ ಅಳೆಯುವ ಸ್ವಾರ್ಮ್‌ ಯೋಜನೆಯ ಮೂರು ಉಪಗ್ರಹಗಳು ಅಳೆದದ್ದನ್ನು ನೆಲದ ಅಂಕಿಯ ಜೊತೆ ಕೂಡಿಸಿ ಮಾದರಿ ಕಟ್ಟುವವರಿಗೆ, ಐದು ವರ್ಷಕ್ಕೊಮ್ಮೆ ಭೂಕಾಂತದ ಅಂತರರಾಷ್ಟ್ರೀಯ ಮಾದರಿಯನ್ನು ಹೊಸದು ಮಾಡುವವರಿಗೆ, ಬೇಸ್‌ಲೈನ್ ಸರಿಪಡಿಸಿದ ಅಂಕಿಯೇ ಬೇಕು. ನೇರ ಪ್ರಸಾರದ ರೇಖೆ ಅವರ ಉಪಯೋಗಕ್ಕೆ ಬಾರದು. ವೀಕ್ಷಕರನ್ನು ಕಡಿಮೆ ಮಾಡಿ ಯಂತ್ರ ಹೆಚ್ಚಿಸಿದ ಕಡೆಗಳಲ್ಲಿ ರೇಖೆ ಚೆನ್ನಾಗಿ ಹರಿಯುತ್ತಿರುತ್ತದೆ, ಆದರೆ ಅದು ಎಲ್ಲಿಗೆ ಜಾರಿದೆಯೋ ಹೇಳುವವರಿಲ್ಲ. ಎರಡು ವರ್ಷಕ್ಕೊಮ್ಮೆ ಭೂಕಾಂತ ಸಂಘದ ಕಾರ್ಯಾಗಾರದಲ್ಲಿ ಬೇರೆ ಬೇರೆ ದೇಶದ ವೀಕ್ಷಕರು ತಮ್ಮ ತಮ್ಮ ಥಿಯೋಡೊಲೈಟ್ ಹೊತ್ತು ತಂದು ಒಂದೇ ಕಂಬಗಳ ಮೇಲೆ ಸರದಿಯಲ್ಲಿ ಅಳೆದು ಹೋಲಿಸುತ್ತಾರೆ. ಅಲ್ಲಿ ಒಬ್ಬರ ಹಿಂದೆ ಒಬ್ಬರು ನಿಂತು ನೋಡಿ ಕಲಿಯುವಷ್ಟು ಯಾವ ಕೈಪಿಡಿಯಿಂದಲೂ ಕಲಿಯಲಾಗದು.

ವರ್ಷ ಮುಗಿದ ಮೇಲೆ ಇಡೀ ವರ್ಷದ ಅಂತಿಮ ಕಡತ, ಬೇಸ್‌ಲೈನ್ ಸಮೇತ, ಇನ್ನೊಂದು ದೇಶದ ವೀಕ್ಷಕರ ಕೈಗೆ ಪರಿಶೀಲನೆಗೆ ಹೋಗುತ್ತದೆ. ಸಂಬಳವಿಲ್ಲದ ಕೆಲಸ, ಎಲ್ಲರೂ ಹಂಚಿಕೊಂಡು ಮಾಡುತ್ತಾರೆ. 2024ರ ನಮ್ಮ ಕಡತ ನೋಡಿದವರು ಮೇ 11ರ ಚಪ್ಪಟೆ ರೇಖೆಯಲ್ಲಿ ಅರ್ಧ ನ್ಯಾನೋಟೆಸ್ಲಾದಷ್ಟು ತಗ್ಗು ಯಾಕೆ ಎಂದು ಕೇಳಿದರು. ಬಿರುಗಾಳಿಯ ನಂತರದ ಅಳತೆಗಳು ಇದ್ದುದರಿಂದ ಸ್ಕೇಲನ್ನು ಮತ್ತೆ ಲೆಕ್ಕ ಹಾಕಿ, ಹಳೆಯದೂ ಹೊಸದೂ ಎರಡನ್ನೂ ಟಿಪ್ಪಣಿಯಲ್ಲಿ ಬರೆದು ಕಳಿಸಿದೆವು, ಕಡತ ಒಪ್ಪಿಗೆಯಾಯಿತು. ಈ ಸಲ ನನ್ನ ಪಾಲಿಗೆ ಬಂದ ಕಡತದಲ್ಲಿ ಚಳಿಗಾಲದ ಬೇಸ್‌ಲೈನ್ ಎರಡು ವಾರ ಒಂದೇ ಸಮನೆ ಜಾರಿ, ಆಮೇಲೆ ತಟ್ಟನೆ ನಿಂತಿದೆ. ಕೋಣೆಯ ಹೀಟರ್ ಕೆಟ್ಟಿತ್ತೇ, ಕಂಬವನ್ನು ಯಾರಾದರೂ ಮುಟ್ಟಿದರೇ ಎಂದು ಕೇಳಿ ಬರೆದಿದ್ದೇನೆ. ಉಷ್ಣತೆಯ ದಾಖಲೆಯನ್ನೂ ಕಳಿಸಿ ಎಂದು ಸೇರಿಸಿದ್ದೇನೆ.