ಡ್ಯೂಟಿ ಚಾರ್ಟಿನಲ್ಲೇ ಸಂಶೋಧನೆಗೆ ಜಾಗ: ಶಿರಸಿಯ ನನ್ನ ಅನುಭವ

ಐವತ್ತು-ಅರವತ್ತು ಹಾಸಿಗೆಗಳ ಆಸ್ಪತ್ರೆಯಲ್ಲಿ ನರ್ಸ್‌ಗಳಿಂದ ಸಂಶೋಧನೆ ಸಾಧ್ಯವಿಲ್ಲ, ಅದೇನಿದ್ದರೂ ಎಂ.ಎಸ್ಸಿ. ವಿದ್ಯಾರ್ಥಿಗಳ ಕೆಲಸ ಎಂದವರು ನಮ್ಮಲ್ಲಿ ಕಡಿಮೆಯಿರಲಿಲ್ಲ. ಕ್ಯಾನುಲಾ, ಅಂದರೆ ಡ್ರಿಪ್ ಕೊಡಲು ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆ, ಕುರಿತ ನಮ್ಮ ಸಿಸ್ಟರ್‌ಗಳ ಅಧ್ಯಯನ ಮುಗಿದು ವಾರ್ಡಿನ ಪದ್ಧತಿಯೇ ಬದಲಾಗಿರುವುದರಿಂದ, ಶುಶ್ರೂಷಾ ಅಧೀಕ್ಷಕಿಯಾಗಿ ನಾನು ಮಾಡಿದ ವ್ಯವಸ್ಥೆಯನ್ನು ಬರೆಯುತ್ತಿದ್ದೇನೆ.

ಮೊದಲು ಜರ್ನಲ್ ಕ್ಲಬ್, ಅಂದರೆ ಸಂಶೋಧನಾ ಲೇಖನಗಳನ್ನು ಒಟ್ಟಿಗೆ ಓದಿ ಚರ್ಚಿಸುವ ಕೂಟ, ನಡೆಸಿದೆವು. ಎರಡು ಗಂಟೆಗೆ ಹ್ಯಾಂಡ್‌ಓವರ್ ಮುಗಿಸಿ ಸಿದ್ದಾಪುರ, ಬನವಾಸಿಯ ಬಸ್ ಹಿಡಿಯಬೇಕಾದವರು ಕುಳಿತು ಓದುವುದಾದರೂ ಹೇಗೆ? ಅದು ಬೇಗನೆ ನಿಂತಿತು. ಬಳಿಕ ಆಡಳಿತ ಮಂಡಳಿ ಉತ್ತಮ ಅಧ್ಯಯನಕ್ಕೆ ಐದು ಸಾವಿರ ರೂಪಾಯಿ ಬಹುಮಾನ ಇಟ್ಟಿತು; ಒಂದು ಅರ್ಜಿಯೂ ಬರಲಿಲ್ಲ. ಬೇಕಾಗಿರುವುದು ಬಿಡುವು ಎಂದು ಪಟ್ಟು ಹಿಡಿದು, ಆ ಹಣಕ್ಕೆ ಇನ್ನಷ್ಟು ಸೇರಿಸಿಕೊಂಡು, ಬದಲಿ ಸಿಬ್ಬಂದಿಯ ಓವರ್‌ಟೈಮಿಗೆ ತಿರುಗಿಸಿಕೊಂಡೆ. ವಾರಕ್ಕೆ ಎರಡು ಗಂಟೆ ಇಬ್ಬರು ಸಿಸ್ಟರ್‌ಗಳಿಗೆ ವಾರ್ಡಿನಿಂದ ಬಿಡುಗಡೆ ಎಂದು ಚಾರ್ಟಿನಲ್ಲಿಯೇ ಬರೆದೆ. ಹಾಸಿಗೆ ತುಂಬಿದ ದಿನವೂ ಅದನ್ನು ತಪ್ಪಿಸಲಿಲ್ಲ.

ಪ್ರಶ್ನೆ ರಾತ್ರಿ ಪಾಳಿಯಿಂದ ಬಂತು. ನಮ್ಮ ಮಳೆಗಾಲದಲ್ಲಿ ಬೆಳಿಗ್ಗೆ ಅಂಟಿಸಿದ ಪ್ಲಾಸ್ಟರಿನ ಅಂಚು ಸಂಜೆಗೆ ಸುರುಳಿಯಾಗಿ, ಕ್ಯಾನುಲಾ ಅಲುಗಾಡಿ, ರಕ್ತನಾಳದ ಗುಂಟ ಎರಡು ಬೆರಳುದ್ದ ಕೆಂಪು ಗೆರೆ ಏಳುತ್ತದೆ. ಸ್ಪಿರಿಟ್ ಪೂರ್ತಿ ಆರುವವರೆಗೆ ಕಾದು ಪ್ಲಾಸ್ಟರಿನ ಬದಲು ಪಾರದರ್ಶಕ ಫಿಲ್ಮ್ ಹಾಕಿದರೆ ಫ್ಲೆಬೈಟಿಸ್, ಅಂದರೆ ಈ ರಕ್ತನಾಳದ ಉರಿಯೂತ, ತಗ್ಗೀತೇ ಎಂದು ನೋಡಲು ಹೊರಟೆವು. ಕ್ಯಾನುಲಾ ಹಾಕಿದ ಜಾಗವನ್ನು ಕಣ್ಣಿಂದ ನೋಡಿ ಉರಿಯೂತಕ್ಕೆ ಕೊಡುವ ವಿ.ಐ.ಪಿ. ಅಂಕ 2 ಮುಟ್ಟಿದರೆ ಕ್ಯಾನುಲಾ ತೆಗೆದು ಬೇರೆಡೆ ಹಾಕುವುದು, ಒಬ್ಬರು ಕೊಟ್ಟ ಅಂಕವನ್ನು ನೋಡದೆ ಇನ್ನೊಬ್ಬರು ಮತ್ತೆ ಅಂಕ ಕೊಡುವುದು ಎಂಬುದು ನಮ್ಮ ನಿಯಮವಾಗಿತ್ತು.

ರೋಗಿಗಳ ಮೇಲಿನ ಅಧ್ಯಯನಕ್ಕೆ ಮೊದಲೇ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿ ನಮ್ಮಲ್ಲಿ ಇಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐ.ಸಿ.ಎಂ.ಆರ್.) 2017ರ ಮಾರ್ಗಸೂಚಿಯಂತೆ ಬೇರೆ ಸಂಸ್ಥೆಯ ಕಮಿಟಿಯೊಡನೆ ಒಡಂಬಡಿಕೆ ಮಾಡಿಕೊಳ್ಳಬಹುದು. ಕನಿಷ್ಠ ಅಪಾಯದ ಅಧ್ಯಯನಗಳಿಗೆ ತ್ವರಿತ ಪರಿಶೀಲನೆಯೂ ಉಂಟು. ಹಾಗೆ ಬೇರೆ ಕಮಿಟಿಗೆ ಕಳಿಸಿದರೂ, ರೋಗಿಯ ಒಪ್ಪಿಗೆ ಪತ್ರದ ಕನ್ನಡ ಕಠಿಣವಾಯಿತೆಂದು ಕಡತ ಹಿಂದಿರುಗಿತು. ಅಧ್ಯಯನದಿಂದ ಯಾವಾಗ ಬೇಕಾದರೂ ಹೊರಬರಬಹುದು, ಹೊರಬಂದರೂ ಚಿಕಿತ್ಸೆ ಎಂದಿನಂತೆಯೇ ಸಿಗುತ್ತದೆ ಎಂಬುದನ್ನು ಅಡಿಕೆ ತೋಟದ ಕೆಲಸದಾಕೆಗೂ ಅರ್ಥವಾಗುವಂತೆ ನಮ್ಮ ಸಿಸ್ಟರ್ ಒಬ್ಬರೇ ತಿದ್ದಿ ಬರೆದರು. ಅಷ್ಟು ಚೊಕ್ಕ ಪತ್ರವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಒಟ್ಟು ಖರ್ಚು ಇಪ್ಪತ್ತೈದು ಸಾವಿರದ ಆಸುಪಾಸು. ಅರ್ಧದಷ್ಟು ಓವರ್‌ಟೈಮಿಗೆ, ಐದಾರು ಸಾವಿರ ಫಿಲ್ಮಿಗೆ, ಮೂರು-ನಾಲ್ಕು ಸಾವಿರ ಅಂಕಿಸಂಖ್ಯೆ ಲೆಕ್ಕ ಹಾಕಿಕೊಟ್ಟವರಿಗೆ, ಉಳಿದದ್ದು ಜೆರಾಕ್ಸ್, ಓಡಾಟಕ್ಕೆ. ಹಳೆಯ ಪದ್ಧತಿಯದೊಂದು, ಹೊಸದೊಂದು ಎಂದು ಎರಡು ಗುಂಪು ಮಾಡಿದ್ದೆವು; ಪ್ರತಿ ಗುಂಪಿನಲ್ಲಿ ಸುಮಾರು ನೂರೈವತ್ತು ಕ್ಯಾನುಲಾಗಳಿದ್ದವು. ಹಳೆಯ ಪದ್ಧತಿಯಲ್ಲಿ ನಾಲ್ಕಕ್ಕೊಂದು ಕೆಡುತ್ತಿದ್ದರೆ, ಹೊಸದರಲ್ಲಿ ಹತ್ತಕ್ಕೊಂದು. ಮೊಣಕೈ ಮಡಿಕೆಯಲ್ಲಿ ಹಾಕಿದವು ಎರಡೂ ಕಡೆ ಹೆಚ್ಚು ಕೆಟ್ಟವು. ಇದರ ನಡುವೆ ಪ್ಲಾಸ್ಟರ್ ಸುರುಳಿಗಳನ್ನು ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿಟ್ಟೂ ಪರೀಕ್ಷಿಸಿದೆವು. ಏನೂ ವ್ಯತ್ಯಾಸ ಕಾಣಲಿಲ್ಲ, ಅದನ್ನೂ ವರದಿಯಲ್ಲಿ ಬರೆದಿದ್ದೇವೆ.

ಫಿಲ್ಮ್ ದುಬಾರಿ ಎಂದು ಮೊದಲು ತಳ್ಳಿಹಾಕಿದ್ದ ವೈದ್ಯರೇ, ಮತ್ತೆ ಮತ್ತೆ ಕ್ಯಾನುಲಾ ಹಾಕುವ ಖರ್ಚಿನ ಲೆಕ್ಕ ನೋಡಿದ ಮೇಲೆ, ಮಳೆಗಾಲದ ಖರೀದಿ ಪಟ್ಟಿಗೆ ಅದನ್ನು ಸೇರಿಸಿದರು. ಮಕ್ಕಳ ವಾರ್ಡಿನವರು ಕ್ಯಾನುಲಾಕ್ಕೆ ಆಸರೆ ಕೊಡುವ ಪಟ್ಟಿಯ ಬಗ್ಗೆ ಪ್ರಶ್ನೆ ಎತ್ತಿದ್ದಾರೆ, ಅದರ ಕಡತ ಕಮಿಟಿಗೆ ಹೋಗಿದೆ. ಓವರ್‌ಟೈಮಿನ ಹಣ ಈ ಬಾರಿ ಆಸ್ಪತ್ರೆಯ ವಾರ್ಷಿಕ ಬಜೆಟ್ಟಿನಲ್ಲಿಯೇ ಸೇರಿದೆ.