ಕಂಪನಿಯ ಯಾವ ಬಾಗಿಲಿಗೆ ಯಾರು ಬರುತ್ತಾರೆ: ವಿಳಾಸಗಳನ್ನು ಹೊಂದಿಸಿದ ನನ್ನ ಅನುಭವ

ನಮ್ಮದು ಬ್ಯಾಡಗಿ ಮೆಣಸಿನಕಾಯಿ ಪುಡಿ ಮಾಡಿ ಮಾರುವ ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿ. ಮನೆ ಹುಬ್ಬಳ್ಳಿಯ ವಿದ್ಯಾನಗರದಲ್ಲಿ. ಪುಡಿ ಕುಟ್ಟುವ ಯೂನಿಟ್ ತಾರಿಹಾಳ ಕೈಗಾರಿಕಾ ಪ್ರದೇಶದ ಬಾಡಿಗೆ ಶೆಡ್ಡಿನಲ್ಲಿ. ಸೀಸನ್ನಿನಲ್ಲಿ ಕೊಂಡ ಕಾಯಿ ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನಲ್ಲಿ. ಲೆಕ್ಕ ಬರೆಯುವವರು ದೇಶಪಾಂಡೆ ನಗರದಲ್ಲಿ, ಇನ್ನೊಬ್ಬ ಡೈರೆಕ್ಟರ್ ಆಗಿರುವ ನನ್ನ ತಮ್ಮ ಗದಗದಲ್ಲಿ. ಪಾಲುದಾರಿಕೆ ಸಂಸ್ಥೆಯನ್ನು ಕಂಪನಿ ಮಾಡೋಣ ಎಂದು ಹೊರಟಾಗ ತಮ್ಮ ಕೇಳಿದ ಮೊದಲ ಪ್ರಶ್ನೆ: "ಇಷ್ಟ ಸಣ್ಣ ಕಂಪನಿಗೆ ಎಷ್ಟ ಅಡ್ರೆಸ್ ಬೇಕಪಾ?"

ಕಂಪನಿ ಕಾಯ್ದೆ ಕಡ್ಡಾಯವಾಗಿ ಕೇಳುವುದು ಒಂದೇ, ನೋಂದಾಯಿತ ಕಚೇರಿಯ ವಿಳಾಸ. ಉಳಿದವೆಲ್ಲ ನಾವು ಮಾಡುವ ಕೆಲಸದಿಂದ ಹುಟ್ಟುತ್ತವೆ: ತೆರಿಗೆಗೊಂದು, ಆಹಾರ ಪರವಾನಗಿಗೊಂದು, ದಾಸ್ತಾನಿಗೊಂದು, ಡೈರೆಕ್ಟರುಗಳ ಮನೆಗಳು. ಎಲ್ಲದಕ್ಕೂ ಒಂದೇ ವಿಳಾಸ ಬರೆದು ಕೈತೊಳೆದುಕೊಳ್ಳುವ ಆಸೆ ಸಹಜ. ಆದರೆ ಪ್ರತಿ ವಿಳಾಸವನ್ನು ಬರೆಯುವ ಮುನ್ನ ನಾನು ಕೇಳಿಕೊಂಡದ್ದು ಇಷ್ಟೇ: ಈ ಬಾಗಿಲಿಗೆ ಯಾರು ಬರುತ್ತಾರೆ, ಏನು ಹುಡುಕಿಕೊಂಡು ಬರುತ್ತಾರೆ? ಅದಕ್ಕೆ ಉತ್ತರ ಸಿಕ್ಕರೆ ಯಾವ ಫಾರ್ಮಿನಲ್ಲಿ ಯಾವುದನ್ನು ತುಂಬಬೇಕು ಎಂಬುದು ತಾನೇ ಬಗೆಹರಿಯುತ್ತದೆ.

ನೋಂದಾಯಿತ ಕಚೇರಿಯ ವಿಷಯಕ್ಕೆ ನಾನು ಹೆಚ್ಚು ಸಮಯ ಕೊಟ್ಟೆ, ನೀವೂ ಕೊಡಬೇಕು. 2013ರ ಕಂಪನಿ ಕಾಯ್ದೆಯ 12ನೇ ಕಲಂ ಪ್ರಕಾರ ಕಂಪನಿ ಹುಟ್ಟಿದ 30 ದಿನಗಳೊಳಗೆ, ಅಲ್ಲಿಂದ ಮುಂದೆ ಸದಾಕಾಲ, ಅದಕ್ಕೊಂದು ನೋಂದಾಯಿತ ಕಚೇರಿ ಇರಲೇಬೇಕು. ವ್ಯವಹಾರ ಅಲ್ಲೇ ನಡೆಯಬೇಕೆಂದಿಲ್ಲ. ಕಾಗದ ಬಂದರೆ ತೆಗೆದುಕೊಳ್ಳುವವರು ಇರಬೇಕು, ಅದೇ ಮುಖ್ಯ. ಕಂಪನಿಗಳ ರಿಜಿಸ್ಟ್ರಾರ್, ಕೋರ್ಟು, ಸಾಲ ಕೊಟ್ಟವರು, ಎಲ್ಲರೂ ಪತ್ರ ಕಳಿಸುವುದು ಇಲ್ಲಿಗೆ. ಆ ವಿಳಾಸಕ್ಕೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದ ದಾಖಲೆಯನ್ನು ಕಂಪನಿಗೇ ಕಳಿಸಿದಂತೆ ಎಂದು 20ನೇ ಕಲಂ ಹೇಳುತ್ತದೆ. ಚೆಕ್ ಬೌನ್ಸ್ ನೋಟಿಸನ್ನೇ ನೋಡಿ. ನೋಟಿಸು ಕೈಸೇರಿದ ಮೇಲೆ ಹಣ ಕಟ್ಟಲು ಸಿಗುವುದು 15 ದಿನ. ಅದು ಬೀಗ ಹಾಕಿದ ಶೆಡ್ಡಿನ ಬಾಗಿಲ ಸಂದಿಯಲ್ಲಿ ಬಿದ್ದಿದ್ದರೆ ಆ ದಿನಗಳು ನಮಗಾಗಿ ಕಾಯುವುದಿಲ್ಲ.

ತಾರಿಹಾಳದ ಶೆಡ್ಡನ್ನು ಬಿಟ್ಟು ಮನೆಯನ್ನು ನೋಂದಾಯಿತ ಕಚೇರಿ ಮಾಡಿಕೊಂಡದ್ದು ಇದಕ್ಕೇ. ಶೆಡ್ಡಿನಲ್ಲಿ ಕೆಲಸ ಇರುವ ದಿನ ಯಂತ್ರದ ಸದ್ದು, ಖಾರದ ಘಾಟು. ಕೆಲಸ ಇಲ್ಲದ ದಿನ ಬೀಗ. ಮೇಲಾಗಿ ಬಾಡಿಗೆ ಕರಾರು 11 ತಿಂಗಳದ್ದು. ಮಾಲೀಕರು ಬಿಡಿ ಎಂದರೆ ಕಂಪನಿಯ ಕಾಯಂ ವಿಳಾಸವೇ ಅಲುಗಾಡುತ್ತದೆ. ಮನೆಯಲ್ಲಾದರೆ ಅತ್ತೆಯವರು ಇರುತ್ತಾರೆ, ಪೋಸ್ಟ್‌ಮ್ಯಾನ್ ಅವರಿಗೆ ಹಳೆಯ ಪರಿಚಯ. ಒಂದು ಮಾತು ಮಾತ್ರ ಮನೆಯವರಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆದಿದ್ದೆ: ಈ ವಿಳಾಸ ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ಯಾರು ಬೇಕಾದರೂ ನೋಡುವಂತೆ ಇರುತ್ತದೆ. ಅದು ಬೇಡವೆನ್ನುವವರು ಪುಟ್ಟದಾದರೂ ಬೇರೆ ಕೋಣೆ ಹಿಡಿಯುವುದೇ ಒಳ್ಳೆಯದು.

ಇನ್ನು ದಾಖಲೆಗಳು. ಜಾಗದ ಮಾಲೀಕತ್ವದ ಪತ್ರ ಅಥವಾ ಬಾಡಿಗೆ ಕರಾರು, ಮಾಲೀಕರ ಒಪ್ಪಿಗೆ ಪತ್ರ, ಕರೆಂಟ್ ಬಿಲ್ಲಿನಂಥ ಒಂದು ಪುರಾವೆ. ಬಾಡಿಗೆಯಾದರೆ ರಸೀದಿ ಒಂದು ತಿಂಗಳಿಗಿಂತ, ಕರೆಂಟ್ ಬಿಲ್ ಎರಡು ತಿಂಗಳಿಗಿಂತ ಹಳೆಯದಾಗಿರಬಾರದು. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ತೊಡಕು ಬರುವುದು ಇಲ್ಲೇ. ನಮ್ಮ ಮನೆಯ ಖಾತೆ ಅತ್ತೆಯವರ ಹೆಸರಿಗೆ ಆಗಿತ್ತು, ಹೆಸ್ಕಾಂ ಬಿಲ್ ಮಾತ್ರ ತೀರಿಕೊಂಡ ಮಾವನವರ ಹೆಸರಿನಲ್ಲೇ ಬರುತ್ತಿತ್ತು. ದಿನನಿತ್ಯಕ್ಕೆ ಅದರಿಂದ ಏನೂ ತೊಂದರೆ ಇಲ್ಲ, ಬಿಲ್ ಕಟ್ಟಿದರಾಯಿತು. ಆದರೆ ನಿಯಮ ಕೇಳುವುದು ಮಾಲೀಕರ ಹೆಸರಿನ ಬಿಲ್. ಅರ್ಜಿ ಹಾಕುವ ಮೊದಲೇ ಮೀಟರಿನ ಹೆಸರು ಬದಲಾಯಿಸಿಕೊಂಡೆ. ಹಾಗೇ ಪಾಲಿಕೆಯ ಆಸ್ತಿ ತೆರಿಗೆ ರಸೀದಿ, ಹೆಸ್ಕಾಂ ಬಿಲ್, ಒಪ್ಪಿಗೆ ಪತ್ರ ಮೂರನ್ನೂ ಮೇಜಿನ ಮೇಲೆ ಸಾಲಾಗಿಟ್ಟು ಓದಿದೆ. ಒಂದರಲ್ಲಿ ಕ್ರಾಸ್ ಇದೆ, ಇನ್ನೊಂದರಲ್ಲಿ ಇಲ್ಲ. ಒಂದರಲ್ಲಿ 'ಹುಬ್ಳಿ', ಇನ್ನೊಂದರಲ್ಲಿ 'ಹುಬ್ಬಳ್ಳಿ'. ಒಂದೇ ಒಕ್ಕಣೆ ಆರಿಸಿ ಅದನ್ನು ಹಾಳೆಯಲ್ಲಿ ಬರೆದಿಟ್ಟೆ. ಅಂದಿನಿಂದ ಬ್ಯಾಂಕಿಗೂ ಪ್ಯಾನ್‌ಗೂ ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿಗೂ ಆ ಹಾಳೆ ನೋಡಿಯೇ ತುಂಬಿದ್ದೇವೆ.

ಜಾಗ ಇನ್ನೂ ಗಟ್ಟಿಯಾಗದವರಿಗೆ ದಾರಿ ಇದೆ. ಕಂಪನಿ ನೋಂದಣಿಗೆ ಹಾಕುವ ಸ್ಪೈಸ್ ಪ್ಲಸ್ ಅರ್ಜಿಯಲ್ಲಿ ಪತ್ರವ್ಯವಹಾರದ ವಿಳಾಸವನ್ನಷ್ಟೇ ಕೊಟ್ಟು ಕಂಪನಿ ಮಾಡಿಕೊಂಡು, 30 ದಿನಗಳೊಳಗೆ ಐಎನ್‌ಸಿ-22 ಫಾರ್ಮಿನಲ್ಲಿ ನೋಂದಾಯಿತ ಕಚೇರಿಯನ್ನು ತಿಳಿಸಬಹುದು. ಕಟ್ಟಡದ ಹೊರಗಿನ ಫೋಟೊ, ಒಳಗೆ ಒಬ್ಬ ಡೈರೆಕ್ಟರ್ ಇರುವ ಫೋಟೊ ಕೂಡ ಕೊಡಬೇಕಾಗುತ್ತದೆ. ಕಂಪನಿ ನಿಜವಾಗಿ ನಡೆಯುತ್ತಿಲ್ಲ ಎಂಬ ಅನುಮಾನ ಬಂದರೆ ರಿಜಿಸ್ಟ್ರಾರ್ ಆ ಜಾಗವನ್ನು ಖುದ್ದಾಗಿ ಪರಿಶೀಲಿಸಬಹುದು. ತಿಂಗಳಿಗಿಷ್ಟು ಎಂದು ಬರೀ ವಿಳಾಸ ಬಾಡಿಗೆಗೆ ಕೊಡುವವರ ಜಾಹೀರಾತು ನೋಡಿ ಆಸೆಪಡುವವರು ಇದನ್ನು ನೆನಪಿಡಬೇಕು. ಕಚೇರಿ ಸರಿಯಾಗಿಲ್ಲದಿದ್ದರೆ ದಿನಕ್ಕೆ 1,000 ರೂಪಾಯಿ, ಹೆಚ್ಚೆಂದರೆ 1 ಲಕ್ಷದವರೆಗೆ ದಂಡ. ಅದು ಕಂಪನಿಗೂ ಬೀಳುತ್ತದೆ, ಹೊಣೆ ಹೊತ್ತ ಅಧಿಕಾರಿಗಳಿಗೂ ಬೀಳುತ್ತದೆ.

ಬೋರ್ಡಿನ ವಿಷಯ ನನಗೆ ಬಹಳ ಇಷ್ಟವಾದದ್ದು. ಕಂಪನಿಯ ಹೆಸರು, ನೋಂದಾಯಿತ ಕಚೇರಿಯ ವಿಳಾಸ ಎರಡನ್ನೂ ವ್ಯವಹಾರ ನಡೆಯುವ ಪ್ರತಿ ಜಾಗದ ಹೊರಗೆ ಎದ್ದುಕಾಣುವಂತೆ ಬರೆಸಬೇಕು. ಬೇರೆ ಲಿಪಿಯಲ್ಲಿ ಬರೆಸಿದ್ದರೆ ಆ ಊರಿನ ಬಳಕೆಯ ಭಾಷೆಯ ಲಿಪಿಯಲ್ಲೂ ಬರೆಸಬೇಕು. ಕೇಂದ್ರದ ಕಂಪನಿ ಕಾಯ್ದೆಯೇ ಇದನ್ನು ಹೇಳುತ್ತದೆ. ಇದರ ಜೊತೆಗೆ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕು, ಅದು ಮೇಲ್ಭಾಗದಲ್ಲಿರಬೇಕು ಎಂಬ 2024ರ ನಮ್ಮ ರಾಜ್ಯದ ತಿದ್ದುಪಡಿಯೂ ಇದೆ. ಮನೆ ಗೇಟಿಗೆ, ತಾರಿಹಾಳದ ಶೆಡ್ಡಿಗೆ ನಾವು ಹಾಕಿಸಿದ ಬೋರ್ಡಿನಲ್ಲಿ ಮೇಲೆ ದಪ್ಪ ಅಕ್ಷರದಲ್ಲಿ ಕನ್ನಡ, ಕೆಳಗೆ ಇಂಗ್ಲಿಷ್. ಪೇಂಟರ್ 'ಪ್ರೈವೇಟ್ ಲಿಮಿಟೆಡ್' ಎಂಬುದನ್ನು ಜಾಗ ಸಾಲದೆಂದು ಬಿಡಲು ನೋಡಿದ. ಬಿಡುವಂತಿಲ್ಲ, ಅದು ಹೆಸರಿನದೇ ಭಾಗ. ಲೆಟರ್‌ಹೆಡ್, ಬಿಲ್ ಪುಸ್ತಕಗಳ ಮೇಲೆ 21 ಅಕ್ಷರ-ಅಂಕಿಗಳ ಸಿಐಎನ್ (ಕಂಪನಿಯ ಗುರುತಿನ ಸಂಖ್ಯೆ), ಫೋನ್, ಇಮೇಲ್ ಕೂಡ ಬೇಕು. ಆ ಸಿಐಎನ್ ನಡುವೆ 'ಕೆಎ' ಎಂದಿರುವುದು ನೋಂದಾಯಿತ ಕಚೇರಿ ಕರ್ನಾಟಕದಲ್ಲಿದೆ ಎಂಬುದರ ಗುರುತು.

ಜಿಎಸ್‌ಟಿಯವರು ಕೇಳುವುದು ಬೇರೆ. ಅವರಿಗೆ ಬೇಕಾದ್ದು ವ್ಯವಹಾರದ ಪ್ರಧಾನ ಸ್ಥಳ: ಸರಕು ಎಲ್ಲಿ ತಯಾರಾಗುತ್ತದೆ, ಎಲ್ಲಿಂದ ಹೊರಡುತ್ತದೆ, ಲೆಕ್ಕ ಎಲ್ಲಿ ಸಿಗುತ್ತದೆ. ಅದಕ್ಕೆ ನಾವು ಕೊಟ್ಟದ್ದು ತಾರಿಹಾಳ. ಅಧಿಕಾರಿ ಪರಿಶೀಲನೆಗೆ ಬಂದರೆ ಯಂತ್ರ, ಚೀಲ, ತಕ್ಕಡಿ ಕಾಣಬೇಕಾದ್ದು ಅಲ್ಲಿ. ವಿದ್ಯಾನಗರದ ಪಡಸಾಲೆಯಲ್ಲಿ ಅವರಿಗೆ ನೋಡಲು ಏನಿದೆ? ಬ್ಯಾಡಗಿಯ ಕೋಲ್ಡ್ ಸ್ಟೋರೇಜನ್ನು ಹೆಚ್ಚುವರಿ ಸ್ಥಳವಾಗಿ ಸೇರಿಸಿದೆವು. "ಅಲ್ಲಿ ಬರೇ ಕಾಯಿ ಇಟ್ಟೀವಿ, ಕಚೇರಿ ಎಲ್ಲದ ಅಲ್ಲಿ?" ಎಂದು ತಮ್ಮ ವಾದಿಸಿದ. ಕಚೇರಿ ಇಲ್ಲದಿದ್ದರೇನು, ಕಂಪನಿಯ ಸರಕು ತಿಂಗಳುಗಟ್ಟಲೆ ಅಲ್ಲಿರುತ್ತದೆ. ನೋಂದಣಿಯಲ್ಲಿ ತೋರಿಸದ ಗೋದಾಮಿನಲ್ಲಿ ಸರಕು ಸಿಕ್ಕರೆ ಜಪ್ತಿ, ದಂಡದ ಮಾತು ಬರುತ್ತದೆ. ಕೋಲ್ಡ್ ಸ್ಟೋರೇಜಿನ ಮಾಲೀಕರಿಂದ ಒಪ್ಪಿಗೆ ಪತ್ರ, ಅವರ ಕರೆಂಟ್ ಬಿಲ್ಲಿನ ಪ್ರತಿ ಪಡೆದೆವು. ಈಗ ಬ್ಯಾಡಗಿಯಿಂದ ತಾರಿಹಾಳಕ್ಕೆ ಲಾರಿ ಹೊರಟರೆ ಡೆಲಿವರಿ ಚಲನ್‌ನಲ್ಲೂ ಇ-ವೇ ಬಿಲ್ಲಿನಲ್ಲೂ ಎರಡೂ ನಮ್ಮದೇ ನೋಂದಾಯಿತ ಸ್ಥಳಗಳು. ದಾರಿಯಲ್ಲಿ ತಡೆದು ಕೇಳಿದರೂ ಚಾಲಕ ಕಾಗದ ತೋರಿಸಿ ಮುಂದೆ ಹೋಗುತ್ತಾನೆ. ನೋಂದಣಿ ಪತ್ರವನ್ನು ಪ್ರಧಾನ ಸ್ಥಳದಲ್ಲೂ ಪ್ರತಿ ಹೆಚ್ಚುವರಿ ಸ್ಥಳದಲ್ಲೂ ಕಾಣುವಂತೆ ಇಡಬೇಕು, ಹೊರಗಿನ ಬೋರ್ಡಿನ ಮೇಲೆ ಜಿಎಸ್‌ಟಿ ನಂಬರ್ ಇರಬೇಕು. ಸ್ಥಳ ಸೇರಿಸಿದರೆ, ಬಿಟ್ಟರೆ 15 ದಿನಗಳೊಳಗೆ ತಿದ್ದುಪಡಿ.

ಆಹಾರ ಪರವಾನಗಿ ಜಾಗಕ್ಕೆ ಅಂಟಿಕೊಂಡದ್ದು. ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ತಾರಿಹಾಳದ ಯೂನಿಟ್ಟಿಗೆ ಕೊಟ್ಟದ್ದು; ನಾಳೆ ಬೇರೆ ಶೆಡ್ಡಿಗೆ ಹೋದರೆ ಅದೇ ಕಾಗದ ಹಿಡಿದು ಪುಡಿ ಕುಟ್ಟುವಂತಿಲ್ಲ. ಉದ್ಯಮ್ ನೋಂದಣಿ ಇದಕ್ಕೆ ತದ್ವಿರುದ್ಧ. ಒಂದು ಉದ್ದಿಮೆಗೆ ಒಂದೇ ನೋಂದಣಿ, ಘಟಕಗಳೆಲ್ಲ ಅದರೊಳಗೇ.

ಲೆಕ್ಕಪುಸ್ತಕಗಳು ನೋಂದಾಯಿತ ಕಚೇರಿಯಲ್ಲೇ ಇರಬೇಕು ಎಂಬುದು 128ನೇ ಕಲಂ. ಲೆಕ್ಕ ಬರೆಯುವವರ ಕಚೇರಿಯಲ್ಲಿ ಕಾಯಂ ಇಡುವುದಾದರೆ ಡೈರೆಕ್ಟರುಗಳ ಮಂಡಳಿ ತೀರ್ಮಾನ ಮಾಡಿ, ಏಳು ದಿನಗಳೊಳಗೆ ಎಒಸಿ-5 ಫಾರ್ಮಿನಲ್ಲಿ ರಿಜಿಸ್ಟ್ರಾರ್‌ಗೆ ತಿಳಿಸಬೇಕು. ನಾವು ವೋಚರುಗಳ ಫೈಲು, ಸದಸ್ಯರ, ಅಂದರೆ ಷೇರುದಾರರ, ರಿಜಿಸ್ಟರ್, ಸಭೆಯ ನಡಾವಳಿ ಪುಸ್ತಕ ಎಲ್ಲವನ್ನೂ ಮನೆಯ ಒಂದು ಕಬ್ಬಿಣದ ಕಪಾಟಿನಲ್ಲಿ ಇಟ್ಟಿದ್ದೇವೆ. ಲೆಕ್ಕದವರು ಅಲ್ಲಿಗೇ ಬರುತ್ತಾರೆ.

ವಾರ್ಷಿಕ ಮಹಾಸಭೆಗೂ ಈ ವಿಳಾಸದ ನಂಟಿದೆ. ಸಭೆ ನೋಂದಾಯಿತ ಕಚೇರಿಯಲ್ಲಿ ಅಥವಾ ಅದೇ ಊರಿನೊಳಗೆ ನಡೆಯಬೇಕು. ಗದಗದಲ್ಲಿ ನಡೆಸಬೇಕೆಂದರೆ ಎಲ್ಲ ಸದಸ್ಯರೂ ಮುಂಚಿತವಾಗಿ ಲಿಖಿತ ಒಪ್ಪಿಗೆ ಕೊಡಬೇಕು. ಷೇರುಪೇಟೆಯಲ್ಲಿ ಇರದ ಕಂಪನಿಗಳಿಗೆ ಮಾತ್ರ ಆ ಸವಲತ್ತು.

ಊರೊಳಗೆ ಕಚೇರಿ ಬದಲಿಸುವುದು ಸುಲಭ: ಡೈರೆಕ್ಟರುಗಳ ಮಂಡಳಿಯ ಠರಾವು, 30 ದಿನಗಳೊಳಗೆ ಐಎನ್‌ಸಿ-22. ಊರಿನ ಮಿತಿ ದಾಟಿದರೆ ಸದಸ್ಯರ ವಿಶೇಷ ಠರಾವು ಬೇಕು. ಹುಬ್ಬಳ್ಳಿ, ಧಾರವಾಡ ಎರಡೂ 1962ರಿಂದ ಒಂದೇ ಮಹಾನಗರ ಪಾಲಿಕೆಯಲ್ಲಿ ಇದ್ದುದರಿಂದ ಇಲ್ಲಿನವರು ಎರಡನ್ನೂ ಒಂದೇ ಊರೆಂದು ಲೆಕ್ಕ ಹಿಡಿಯುವುದುಂಟು. ಆದರೆ ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಮಾಡಲು ರಾಜ್ಯ ಸಚಿವ ಸಂಪುಟ 2025ರ ಜನವರಿಯಲ್ಲಿ ಒಪ್ಪಿದೆ. ಹುಬ್ಬಳ್ಳಿಯ ಕೇಶ್ವಾಪುರದಿಂದ ಧಾರವಾಡದ ಸಪ್ತಾಪುರಕ್ಕೆ ಕಚೇರಿ ಒಯ್ಯುವವರು ಆ ದಿನಕ್ಕೆ ಮಿತಿ ಎಲ್ಲಿದೆ ಎಂದು ಕಂಪನಿ ಸೆಕ್ರೆಟರಿಯನ್ನು ಕೇಳಿಯೇ ಠರಾವು ಬರೆಸಲಿ.

ಡೈರೆಕ್ಟರ್ ಮನೆ ಬದಲಿಸಿದರೂ ತಿಳಿಸಬೇಕು, ಅದು ಬಹಳ ಜನರಿಗೆ ಹೊಳೆಯುವುದೇ ಇಲ್ಲ. ತಮ್ಮ ಗದಗದಲ್ಲೇ ಬೆಟಗೇರಿಯಿಂದ ಮುಳಗುಂದ ನಾಕಾ ಕಡೆಗೆ ಮನೆ ಮಾಡಿದಾಗ ಡಿಐಆರ್-6 ಫಾರ್ಮಿನಲ್ಲಿ ಹೊಸ ವಿಳಾಸ ಕೊಟ್ಟೆವು, ಅದಕ್ಕೂ ಗಡುವು 30 ದಿನ. ಕಂಪನಿಯ ಹೆಸರನ್ನು ಪಟ್ಟಿಯಿಂದ ತೆಗೆಯುವ ಮುನ್ನ ರಿಜಿಸ್ಟ್ರಾರ್ ನೋಟಿಸ್ ಕಳಿಸುವುದು ಕಂಪನಿಗಷ್ಟೇ ಅಲ್ಲ, ಡೈರೆಕ್ಟರುಗಳಿಗೂ. ಆ ಎರಡನೆಯ ಬಾಗಿಲು ಸರಿಯಿದ್ದರೆ ಮೊದಲನೆಯದು ತಪ್ಪಿದರೂ ಸುದ್ದಿ ತಲುಪುತ್ತದೆ.

ಈಗ ಕೊಲ್ಹಾಪುರದಲ್ಲಿ ಒಂದು ಡಿಪೊ ತೆರೆಯುವ ಮಾತು ನಡೆದಿದೆ, ಅಲ್ಲಿನ ಮಸಾಲೆಯವರಿಗೆ ನಮ್ಮ ಪುಡಿಯ ಬಣ್ಣ ಹಿಡಿಸಿದೆ. ನೋಂದಾಯಿತ ಕಚೇರಿ ವಿದ್ಯಾನಗರದಲ್ಲೇ ಇರುತ್ತದೆ, ಸಿಐಎನ್ ಬದಲಾಗದು. ಆದರೆ ರಾಜ್ಯ ಬೇರೆಯಾದ್ದರಿಂದ ಅದು ಹೆಚ್ಚುವರಿ ಸ್ಥಳವಾಗಿ ನಡೆಯದು, ಮಹಾರಾಷ್ಟ್ರದ ಪ್ರತ್ಯೇಕ ಜಿಎಸ್‌ಟಿ ನೋಂದಣಿ ಬೇಕು. ಆ ಜಾಗಕ್ಕೆ ಬೇರೆ ಆಹಾರ ಪರವಾನಗಿಯೂ ಬೇಕು. ಡಿಪೊದ ಬೋರ್ಡನ್ನು ಮರಾಠಿಯಲ್ಲಿ ಬರೆಸಲು ಹೇಳಿದ್ದೇನೆ. ನಮ್ಮಲ್ಲಿ ಕನ್ನಡ ಕೇಳಿದ 12ನೇ ಕಲಂ ಅಲ್ಲಿ ಮರಾಠಿಯನ್ನು ಕೇಳುತ್ತದೆ. ಹುಬ್ಬಳ್ಳಿಯ ವಿಳಾಸದ ಸಾಲು ಅದರ ಕೆಳಗೆ ಬರುತ್ತದೆ.