ಹೊರದೇಶದಲ್ಲಿ ಇಂಗ್ಲಿಷ್ ಕಲಿಸಲು ಹೋಗಬೇಕೆ? ಟಿಕೆಟ್‌ಗೆ ಮೊದಲು ಈ ಲೆಕ್ಕ ಹಾಕಿ

ವಿಯೆಟ್ನಾಮಿನ ಹನೋಯ್‌ನಲ್ಲಿ ನಾಲ್ಕು ವರ್ಷ ಇಂಗ್ಲಿಷ್ ಕಲಿಸಿ ಸಕಲೇಶಪುರಕ್ಕೆ ವಾಪಸು ಬಂದ ಮೇಲೆ, ‘ಮೇಡಂ, ನಾನೂ ಹೋಗಬಹುದಾ?’ ಎಂದು ಕೇಳಿಕೊಂಡು ಬರುವ ಹುಡುಗ ಹುಡುಗಿಯರು ಪ್ರತಿವರ್ಷ ಇದ್ದೇ ಇರುತ್ತಾರೆ. ನನ್ನ ಬಳಿಗೆ ಬರುವ ಹೊತ್ತಿಗೆ ಹೆಚ್ಚಿನವರು ಆನ್‌ಲೈನ್‌ನಲ್ಲಿ ಒಂದು ಸರ್ಟಿಫಿಕೇಟ್ ಕೊಂಡಾಗಿರುತ್ತದೆ. ಕೆಲವರು ಏಜೆಂಟನಿಗೆ ಮುಂಗಡವನ್ನೂ ಕೊಟ್ಟಿರುತ್ತಾರೆ. ಕೊನೆಗೆ ಮಾಡಬೇಕಾದ್ದನ್ನು ಮೊದಲೇ ಮಾಡಿ, ಮೊದಲು ಯೋಚಿಸಬೇಕಾದ್ದನ್ನು ವಿಮಾನ ಇಳಿದ ಮೇಲೆ ಯೋಚಿಸಿದವರ ಕಷ್ಟ ನೋಡಿ ನೋಡಿ ಈ ಲೇಖನ ಬರೆಯುತ್ತಿದ್ದೇನೆ.

1. ಯಾವ ಕೆಲಸ ಎಂದು ಗೊತ್ತುಮಾಡಿಕೊಳ್ಳಿ

‘ಇಂಗ್ಲಿಷ್ ಟೀಚರ್’ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಒಂದು, ವಿಯೆಟ್ನಾಂ, ಥಾಯ್ಲೆಂಡ್‌ನಂಥ ಕಡೆ ಭಾಷಾ ಕೇಂದ್ರಗಳಲ್ಲಿ ಸಂಜೆ ಮತ್ತು ಶನಿವಾರ, ಭಾನುವಾರ ಕಲಿಸುವುದು. ಇನ್ನೊಂದು, ಕೊಲ್ಲಿ ದೇಶಗಳ ಭಾರತೀಯ ಪಠ್ಯಕ್ರಮದ ಶಾಲೆಗಳಲ್ಲೋ ಮಾಲ್ಡೀವ್ಸ್‌ನ ಶಾಲೆಗಳಲ್ಲೋ ಪೂರ್ಣಾವಧಿ ಶಿಕ್ಷಕರಾಗುವುದು. ಮೊದಲನೆಯದಕ್ಕೆ ಪದವಿ ಮತ್ತು ಒಂದು ಬೋಧನಾ ಸರ್ಟಿಫಿಕೇಟ್ ಇದ್ದರೆ ಬಾಗಿಲು ತೆರೆಯಬಹುದು. ಎರಡನೆಯದಕ್ಕೆ ಸಾಮಾನ್ಯವಾಗಿ ಬಿ.ಎಡ್. ಕೇಳುತ್ತಾರೆ. ಇಡೀ ಬದುಕಿಗೆ ಇದೇ ವೃತ್ತಿ ಆಗಬೇಕು ಎನ್ನುವವರು ಬಿ.ಎಡ್. ಮಾಡಿಕೊಂಡೇ ಹೊರಡಿ. ಈ ಮಾತಿನಲ್ಲಿ ನಾನು ರಾಜಿಯಾಗುವುದಿಲ್ಲ.

2. ನಿಮ್ಮ ಪಾಸ್‌ಪೋರ್ಟಿಗೆ ಎಲ್ಲಿ ಬೆಲೆಯಿದೆ, ನೋಡಿ

ದಕ್ಷಿಣ ಕೊರಿಯಾದ ಇಂಗ್ಲಿಷ್ ಬೋಧಕರ ಇ-2 ವೀಸಾ ಮುಖ್ಯವಾಗಿ ಏಳು ದೇಶಗಳವರಿಗೆ: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. 2010ರ ಜನವರಿಯಲ್ಲಿ ಜಾರಿಗೆ ಬಂದ ಭಾರತ–ಕೊರಿಯಾ ವ್ಯಾಪಾರ ಒಪ್ಪಂದದಿಂದ ನಮಗೂ ಒಂದು ಕಿರುದಾರಿ ಸಿಕ್ಕಿತು. ಅದೂ ಶಾಲೆಗಳಲ್ಲಿ ಸಹಾಯಕ ಶಿಕ್ಷಕರಾಗಿ, ಪದವಿಯ ಜೊತೆಗೆ ಶಿಕ್ಷಕ ಅರ್ಹತೆ ಇದ್ದವರಿಗೆ ಮಾತ್ರ. ಜಪಾನಿನ ಶಾಲೆಗಳಲ್ಲಿ ಭಾಷೆ ಕಲಿಸುವ ವೀಸಾಕ್ಕೆ, ನೀವು ಕಲಿಸುವ ಭಾಷೆಯಲ್ಲೇ 12 ವರ್ಷ ಓದಿರಬೇಕು ಎಂಬ ನಿಯಮವಿದೆ. ಏಳನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಆಮೇಲೆ ಇಂಗ್ಲಿಷ್ ಎಂ.ಎ.ಯಲ್ಲಿ ಮೊದಲ ರ‍್ಯಾಂಕ್ ತೆಗೆದರೂ ಲೆಕ್ಕ ಹನ್ನೆರಡಕ್ಕೆ ಮುಟ್ಟುವುದಿಲ್ಲ. ಇಂಗ್ಲಿಷ್ ಮಾಧ್ಯಮದವರಾದರೆ ಶಾಲೆಯಿಂದ ಬೋಧನಾ ಮಾಧ್ಯಮದ ಪ್ರಮಾಣಪತ್ರವನ್ನು ಈಗಲೇ ಬರೆಸಿಟ್ಟುಕೊಳ್ಳಿ.

‘ನೇಟಿವ್ ಸ್ಪೀಕರ್ ಮಾತ್ರ’, ಅಂದರೆ ಇಂಗ್ಲಿಷ್ ಮಾತೃಭಾಷೆಯವರು ಮಾತ್ರ, ಎಂಬ ಜಾಹೀರಾತುಗಳು ರಾಶಿ ರಾಶಿ ಕಾಣುತ್ತವೆ. ವ್ಯಾಕರಣ ಗೊತ್ತಿಲ್ಲದ ಪ್ರವಾಸಿಗನಿಗೆ, ಇಪ್ಪತ್ತು ವರ್ಷ ಕಲಿಸಿದ ನಮ್ಮ ಮೇಷ್ಟ್ರಿಗಿಂತ ಹೆಚ್ಚು ಸಂಬಳ ಕೊಡುವುದನ್ನು ಕಣ್ಣಾರೆ ಕಂಡಿದ್ದೇನೆ. ಇದು ಅನ್ಯಾಯ. ಆದರೆ ಹೋಗಬೇಕೋ ಬೇಡವೋ ಎಂದು ತೀರ್ಮಾನಿಸುವಾಗ ಈ ಅನ್ಯಾಯವನ್ನೂ ಲೆಕ್ಕಕ್ಕೆ ಹಿಡಿಯಲೇಬೇಕು.

3. ಇಲ್ಲೇ ಎರಡು ತಿಂಗಳು ಕಲಿಸಿ ನೋಡಿ

ಕನ್ನಡದಲ್ಲಿ ಅರ್ಥ ಹೇಳಿ ಇಂಗ್ಲಿಷ್ ಕಲಿಸುವುದು ನಮಗೆ ರೂಢಿ. ಅಲ್ಲಿ ಆ ಆಸರೆ ಇರುವುದಿಲ್ಲ. ನಮ್ಮ ಕಡೆ ಕಾಫಿ ತೋಟಗಳಿಗೆ ಅಸ್ಸಾಮಿನಿಂದ ಕೆಲಸಕ್ಕೆ ಬಂದ ಕುಟುಂಬಗಳಿವೆ. ಅವರು ಸಾಲಾಗಿ ವಾಸವಿರುವ ಲೈನ್‌ಮನೆಗೆ ಹೋಗಿ, ಕನ್ನಡವನ್ನಾಗಲೀ ಹಿಂದಿಯನ್ನಾಗಲೀ ಬಳಸದೆ, ಆ ಮಕ್ಕಳಿಗೆ ‘ನಿನ್ನೆ ತಿಂದೆ, ಇವತ್ತು ತಿನ್ನುತ್ತೇನೆ’ ಎಂಬ ವ್ಯತ್ಯಾಸವನ್ನು ಇಂಗ್ಲಿಷ್‌ನಲ್ಲಿ ಕಲಿಸಿ. ಕೈಸನ್ನೆ, ಚಿತ್ರ, ಒಂದು ಬಾಳೆಹಣ್ಣು, ಅದರ ಸಿಪ್ಪೆ, ಇಷ್ಟೇ ನಿಮ್ಮ ಸಾಮಾನು.

ಹನೋಯ್‌ನಲ್ಲಿ ನನ್ನ ಮೊದಲ ತಿಂಗಳು ಹೋದದ್ದು ಪದಗಳ ಕೊನೆಯ ಒಂದು ಸದ್ದಿಗೆ. ನಾವು ‘ಬಸ್ಸು’, ‘ಬುಕ್ಕು’ ಎಂದು ಕೊನೆಗೆ ಸ್ವರ ಸೇರಿಸುವವರು. ಅಲ್ಲಿನ ಮಕ್ಕಳು ಕೊನೆಯ ‘ಸ್’ ಅನ್ನೇ ನುಂಗಿಬಿಡುತ್ತಾರೆ, ಏಕೆಂದರೆ ಅವರ ಭಾಷೆಯಲ್ಲಿ ಪದ ಆ ಸದ್ದಿನಿಂದ ಮುಗಿಯುವುದಿಲ್ಲ. ‘ನೈಸ್’ ಅವರ ಬಾಯಲ್ಲಿ ‘ನೈ’. ಎರಡನೇ ಬೆಂಚಿನ ಹುಡುಗಿಯೊಬ್ಬಳು ಹಾವಿನಂತೆ ಬುಸ್ ಎನ್ನುವ ಆಟ ಆಡುತ್ತಾ ಆಡುತ್ತಾ ಒಂದು ದಿನ ‘ನೈಸ್’ ಎಂದು ಪೂರ್ತಿ ಹೇಳಿ, ತಾನೇ ಬೆರಗಾಗಿ ಬಾಯಿ ಮುಚ್ಚಿಕೊಂಡಳು. ಅಂಥ ಗಳಿಗೆ ನಿಮಗೆ ಖುಷಿ ಕೊಡುತ್ತದೆಯೇ ಎಂಬುದು ಈ ಎರಡು ತಿಂಗಳಲ್ಲಿ ತಿಳಿಯಬೇಕು. ಬೇಸರ ಬಂದರೆ ಇಲ್ಲಿಗೇ ನಿಲ್ಲಿಸಿ. ಊರು ನೋಡುವ ಆಸೆಗೆ ಪ್ರವಾಸ ಹೋಗಿ ಬನ್ನಿ, ಮಕ್ಕಳ ವರ್ಷ ಹಾಳು ಮಾಡಬೇಡಿ.

4. ಕರಾರುಪತ್ರ ಓದಿ, ಕೈಗೆ ಉಳಿಯುವುದನ್ನು ಲೆಕ್ಕ ಹಾಕಿ

ಎಲ್ಲರೂ ಎಡವುವುದು ಇಲ್ಲೇ. ಒಂದು ಭಾನುವಾರ ಪೂರ್ತಿ ಇದಕ್ಕೆ ಮೀಸಲಿಡಿ. ಪತ್ರವನ್ನು ಮೊಬೈಲ್‌ನಲ್ಲಿ ಓದಬೇಡಿ, ಪ್ರಿಂಟ್ ತೆಗೆಸಿ, ಪೆನ್ ಹಿಡಿದು ಕೂರಿ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ವಿಯೆಟ್ನಾಮಿನ ಒಂದು ಕೇಂದ್ರದ ಕರಾರು ತಂದಿದ್ದಳು. ಗಂಟೆಗೆ ಮೂರೂವರೆ ಲಕ್ಷ ಡಾಂಗ್, ವಾರಕ್ಕೆ 20 ಗಂಟೆ, ಅಂದರೆ ತಿಂಗಳಿಗೆ 2 ಕೋಟಿ 80 ಲಕ್ಷ. ಒಂದು ರೂಪಾಯಿಗೆ ಸುಮಾರು 300 ಡಾಂಗ್‌ನಂತೆ ಹಿಡಿದರೆ 93 ಸಾವಿರ ರೂಪಾಯಿ. ಮನೆಯವರೆಲ್ಲ ಆ ಕೋಟಿಯ ಅಂಕಿ ನೋಡಿ ಹಿಗ್ಗಿದ್ದರು. ನಾನು ಪೆನ್ಸಿಲ್ ತೆಗೆದು ಒಂದೇ ಪದಕ್ಕೆ ಸುತ್ತು ಹಾಕಿದೆ: ‘20 ಗಂಟೆಗಳವರೆಗೆ’. ‘ವರೆಗೆ’ ಅಂದರೆ ಹನ್ನೆರಡೂ ಆಗಬಹುದು, ಎಂಟೂ ಆಗಬಹುದು. ಕನಿಷ್ಠ ಎಷ್ಟು ಎಂದು ಕೇಳಲು ಹೇಳಿದೆ. 13 ಎಂದು ಉತ್ತರ ಬಂತು.

ಹದಿಮೂರಕ್ಕೆ ಲೆಕ್ಕ ಹಾಕಿದೆವು. ತಿಂಗಳಿಗೆ 1 ಕೋಟಿ 82 ಲಕ್ಷ ಡಾಂಗ್, ಸುಮಾರು 60,600 ರೂಪಾಯಿ. ಬಾಡಿಗೆ, ಕರೆಂಟು ಸೇರಿ 20,000. ಊಟ, ಸ್ಕೂಟರ್, ಫೋನ್ 16,700. ಉಳಿದದ್ದು ಸುಮಾರು 24,000. ತೆರಿಗೆ ಇನ್ನೂ ಕಳೆದಿಲ್ಲ. ಅಲ್ಲಿ 183 ದಿನಕ್ಕಿಂತ ಕಡಿಮೆ ಇದ್ದು ಅನಿವಾಸಿ ಎಂದು ಲೆಕ್ಕಕ್ಕೆ ಬಂದರೆ ಸಂಬಳದ ಮೇಲೆ ನೇರ ಶೇ 20 ತೆರಿಗೆ. ಆಗ ಉಳಿಯುವುದು 12 ಸಾವಿರದ ಆಸುಪಾಸು. ಟೆಟ್ ಹಬ್ಬಕ್ಕೆ, ಅಂದರೆ ಅವರ ಹೊಸವರ್ಷಕ್ಕೆ, ತರಗತಿಗಳು ನಿಲ್ಲುತ್ತವೆ. ಗಂಟೆ ಲೆಕ್ಕದವರಿಗೆ ಆಗ ಸಂಬಳವೂ ನಿಲ್ಲುತ್ತದೆ, ಬಾಡಿಗೆ ನಿಲ್ಲುವುದಿಲ್ಲ. ಹೋಗುವ ಮೊದಲಿನ ಖರ್ಚು, ಟಿಕೆಟ್, ಮನೆಯ ಡಿಪಾಸಿಟ್ ಎಲ್ಲ ಕಳೆದರೆ ಮೊದಲ ವರ್ಷ ಉಳಿತಾಯ ಎನ್ನುವಂಥದ್ದು ಏನೂ ಕಾಣಲಿಲ್ಲ. ಆ ಹುಡುಗಿ ಹಾಳೆಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡು, ‘ಮನೆಯಲ್ಲಿ ಅಪ್ಪನಿಗೆ ಇದನ್ನೇ ತೋರಿಸ್ತೀನಿ ಮೇಡಂ’ ಅಂದಳು.

ಹೀಗೆಯೇ ಇನ್ನೂ ಕೆಲವು ಕಡೆ ಪೆನ್ಸಿಲ್ ನಿಲ್ಲಬೇಕು. ಸಂಬಳ ತೆರಿಗೆಗೆ ಮುಂಚಿನದೋ, ಕಳೆದ ಮೇಲಿನದೋ? ಪಾಠದ ಗಂಟೆ ಬಿಟ್ಟು ಕಚೇರಿಯಲ್ಲಿ ಕೂರುವ ಗಂಟೆ ಎಷ್ಟು, ಅದಕ್ಕೆ ದುಡ್ಡುಂಟೋ? ಹತ್ತು ತಿಂಗಳ ಕರಾರೋ ಹನ್ನೆರಡರದೋ? ನಡುವೆ ಬಿಟ್ಟರೆ ದಂಡವೇನು? ಪತ್ರ ಎರಡು ಭಾಷೆಯಲ್ಲಿದ್ದರೆ ಯಾವುದು ಅಂತಿಮ? ಸ್ಥಳೀಯ ಭಾಷೆಯದೇ ಅಂತಿಮ ಎಂದಿದ್ದರೆ ಆ ಭಾಷೆ ಬಲ್ಲ ಹೊರಗಿನವರಿಗೆ ಓದಿಸಿ. ಯುಎಇಯಲ್ಲಾದರೆ ಮೂಲವೇತನ ಎಷ್ಟು, ಭತ್ಯೆ ಎಷ್ಟು ಎಂದು ಬಿಡಿಸಿ ನೋಡಿ. ಅಲ್ಲಿ ಒಂದು ವರ್ಷ ಪೂರೈಸಿದವರಿಗೆ ಸಿಗುವ ಗ್ರಾಚ್ಯುಟಿ, ಮೊದಲ ಐದು ವರ್ಷ ವರ್ಷಕ್ಕೆ 21 ದಿನದಂತೆ, ಆಮೇಲೆ 30 ದಿನದಂತೆ, ಲೆಕ್ಕವಾಗುವುದು ಮೂಲವೇತನದ ಮೇಲೆ. ಭತ್ಯೆ ಉಬ್ಬಿಸಿ ಮೂಲವೇತನ ಕುಗ್ಗಿಸಿದ್ದರೆ ನಷ್ಟ ನಿಮ್ಮದೇ.

ಕೆಲಸದ ಪರವಾನಗಿ ಮಾಡಿಸುವವರು ಯಾರು, ಯಾವಾಗ ಎಂಬುದೂ ಬರಹದಲ್ಲಿರಬೇಕು. ‘ಪ್ರವಾಸಿ ವೀಸಾದಲ್ಲಿ ಬನ್ನಿ, ಇಲ್ಲಿ ಬದಲಾಯಿಸೋಣ’ ಎಂದರೆ ಒಪ್ಪಬೇಡಿ. ನಾನು ಆ ಮಾತು ನಂಬಿ ಹೋದವಳು. ಐದು ತಿಂಗಳು ಪರವಾನಗಿ ಇಲ್ಲದೆ ಕಲಿಸಿದೆ. ಒಂದು ಸಂಜೆ ತಪಾಸಣೆ ಬಂದಿದೆ ಎಂದು ನನ್ನನ್ನು ಹಿಂಬಾಗಿಲಿನಿಂದ ಕಳಿಸಿದರು, ತರಗತಿಯಲ್ಲಿ ಹದಿನಾಲ್ಕು ಮಕ್ಕಳು ಪುಸ್ತಕ ತೆರೆದು ಕೂತಿದ್ದರು. ಅವಮಾನ ಒಂದು ಕಡೆ, ಆ ತಿಂಗಳ ಸಂಬಳ ಕೇಳಲು ಕಾನೂನಿನ ಆಸರೆಯೂ ಇಲ್ಲ. ಪಾಸ್‌ಪೋರ್ಟನ್ನು ‘ಇಟ್ಟುಕೊಳ್ಳುತ್ತೇವೆ’ ಎಂದರಂತೂ ಮಾತು ಅಲ್ಲಿಗೇ ಮುಗಿಸಿ.

5. ಸರ್ಟಿಫಿಕೇಟ್ ಈಗ ಕೊಳ್ಳಿ

ಲೆಕ್ಕ ಕೂಡಿಬಂದರೆ ಮಾತ್ರ. ಕೇಂಬ್ರಿಜ್‌ನ ಸೆಲ್ಟಾ ಎಂಬ ಇಂಗ್ಲಿಷ್ ಬೋಧನಾ ಕೋರ್ಸ್‌ನಲ್ಲಿ ಸುಮಾರು 120 ಗಂಟೆ ಕಲಿಕೆ ಇದೆ, ಅದರೊಳಗೆ 6 ಗಂಟೆ ನಿಜವಾದ ವಿದ್ಯಾರ್ಥಿಗಳ ಮುಂದೆ ನಿಂತು ಪಾಠ ಮಾಡಬೇಕು, ತರಬೇತುದಾರರು ಹಿಂದೆ ಕೂತು ನೋಡುತ್ತಾರೆ. ಲಂಡನ್ನಿನ ಟ್ರಿನಿಟಿ ಕಾಲೇಜಿನ ಸರ್ಟಿಫಿಕೇಟೂ ಇದೇ ಬಗೆಯದು. ಖರ್ಚು ಲಕ್ಷ ದಾಟುತ್ತದೆ, ಆದರೂ ಯೋಗ್ಯ. ಮೂರು ಸಾವಿರಕ್ಕೆ ವಾರಾಂತ್ಯದಲ್ಲಿ ಸಿಗುವ ‘120 ಗಂಟೆ’ ಸರ್ಟಿಫಿಕೇಟಿನಲ್ಲಿ ಮಕ್ಕಳ ಮುಖವನ್ನೇ ನೋಡಿರುವುದಿಲ್ಲ. ಅದು ವೀಸಾ ಕಡತಕ್ಕೆ ಒಂದು ಹಾಳೆ ಆದೀತು, ಪಾಠ ಕಲಿಸದು. ಕಡಿಮೆ ಖರ್ಚಿನಲ್ಲಿ ಗಟ್ಟಿ ಓದು ಬೇಕೆಂದರೆ ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯದ (ಇಎಫ್‌ಎಲ್‌ಯು) ಇಂಗ್ಲಿಷ್ ಬೋಧನೆಯ ಕೋರ್ಸ್‌ಗಳನ್ನು ವಿಚಾರಿಸಿ.

6. ಕಾಗದಪತ್ರ, ಏಜೆಂಟ್

ಪದವಿ ಪ್ರಮಾಣಪತ್ರದ ದೃಢೀಕರಣ, ಪಾಸ್‌ಪೋರ್ಟ್ ಸೇವಾ ಕೇಂದ್ರದಿಂದ ಪೊಲೀಸ್ ಪರಿಶೀಲನಾ ಪತ್ರ, ಆರೋಗ್ಯ ತಪಾಸಣೆ. ಜಪಾನ್, ಕೊರಿಯಾಕ್ಕೆ ಅಪಾಸ್ಟಿಲ್, ಅಂದರೆ ನಮ್ಮ ವಿದೇಶಾಂಗ ಸಚಿವಾಲಯದ ದೃಢೀಕರಣ ಮುದ್ರೆ, ನಡೆಯುತ್ತದೆ, ಯುಎಇಗೆ ರಾಯಭಾರ ಕಚೇರಿಯ ಮುದ್ರೆಯೇ ಬೇಕು.

ಏಜೆಂಟ್ ಇದ್ದರೆ ಅವರ ಹೆಸರು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದ ನೋಂದಾಯಿತರ ಪಟ್ಟಿಯಲ್ಲಿದೆಯೇ ನೋಡಿ. ನೋಂದಾಯಿತ ಏಜೆಂಟರು ಪಡೆಯಬಹುದಾದ ಸೇವಾಶುಲ್ಕಕ್ಕೆ 30,000 ರೂಪಾಯಿ ಮತ್ತು ಜಿಎಸ್‌ಟಿಯ ಮಿತಿ ಇದೆ. ಎರಡು ಲಕ್ಷ ಕೇಳುವವರಿಗೆ ನಮಸ್ಕಾರ ಹೇಳಿ ಎದ್ದು ಬನ್ನಿ. ಥಾಯ್ಲೆಂಡ್‌ನಲ್ಲಿ ಕೆಲಸ ಎಂದು ಕರೆಸಿಕೊಂಡು, ಗಡಿ ದಾಟಿಸಿ ಮ್ಯಾನ್ಮಾರಿನ ಸೈಬರ್ ವಂಚನೆ ಕೇಂದ್ರಗಳಿಗೆ ಯುವಕರನ್ನು ತಳ್ಳುತ್ತಿರುವ ಬಗ್ಗೆ ನಮ್ಮ ಸರ್ಕಾರ 2022ರಲ್ಲೇ ಎಚ್ಚರಿಸಿದೆ. ಅವು ಐಟಿ ಕೆಲಸದ ಹೆಸರಿನಲ್ಲಿ ನಡೆದ ಮೋಸ, ಆದರೆ ಬಲೆ ಬೀಸುವ ರೀತಿ ಎಲ್ಲ ಕೆಲಸಕ್ಕೂ ಒಂದೇ.

7. ವಾಪಸು ಬರುವ ದಾರಿಯನ್ನು ಹೋಗುವ ಮೊದಲೇ ಯೋಚಿಸಿ

ಚೀನಾದಲ್ಲಿ 2021ರ ಜುಲೈನಲ್ಲಿ ಸರ್ಕಾರ ಶಾಲಾ ವಿಷಯಗಳ ಲಾಭದ ಟ್ಯೂಷನ್ ಮೇಲೆ ನಿರ್ಬಂಧ ಹೇರಿದಾಗ ದೊಡ್ಡ ದೊಡ್ಡ ಇಂಗ್ಲಿಷ್ ಕಂಪನಿಗಳೇ ಬಾಗಿಲು ಹಾಕಿದವು, ಕಲಿಸುತ್ತಿದ್ದವರು ಬೀದಿಗೆ ಬಂದರು. ಭಾಷಾ ಕೇಂದ್ರದಲ್ಲಿ ಕಳೆದ ವರ್ಷಗಳಿಗೆ ನಮ್ಮಲ್ಲಿ ಪಿಎಫ್ ಇಲ್ಲ, ಸೇವಾ ಹಿರಿತನ ಇಲ್ಲ. ಸರ್ಕಾರಿ ಹೈಸ್ಕೂಲಿನ ಹುದ್ದೆಗೆ ಬಿ.ಎಡ್. ಬೇಕೇ ಬೇಕು, ಸೆಲ್ಟಾ ಅದಕ್ಕೆ ಬದಲಿಯಾಗದು, ವಯೋಮಿತಿಯೂ ಕಾಯುವುದಿಲ್ಲ. ಎರಡು ವರ್ಷಕ್ಕೆಂದು ಹೋಗಿ ಆರು ವರ್ಷ ಉಳಿದವರು ಮೂವತ್ತೈದರಲ್ಲಿ ಬಿ.ಎಡ್. ಸೀಟಿಗೆ ಅರ್ಜಿ ಹಾಕುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ.

ಬಿಡುವ ದಿನ ಬಂದಾಗ ಒಂದು ಕೆಲಸ ಮರೆಯಬೇಡಿ. ಕೇಂದ್ರದ ತಲೆಬರಹವಿರುವ ಹಾಳೆಯಲ್ಲಿ ಎಂದಿನಿಂದ ಎಂದಿನವರೆಗೆ, ವಾರಕ್ಕೆ ಎಷ್ಟು ಗಂಟೆ, ಯಾವ ವಯಸ್ಸಿನವರಿಗೆ ಕಲಿಸಿದಿರಿ ಎಂದು ಬರೆಸಿ, ಸಹಿ ಮತ್ತು ಮುದ್ರೆ ಹಾಕಿಸಿಕೊಂಡೇ ವಿಮಾನ ಹತ್ತಿ. ನನ್ನ ಮೊದಲ ಕೇಂದ್ರ ನಾನು ಊರಿಗೆ ವಾಪಸು ಬಂದ ಎರಡನೇ ವರ್ಷಕ್ಕೆ ಮುಚ್ಚಿತು. ಅಲ್ಲಿ ಕಲಿಸಿದ ಹದಿನಾಲ್ಕು ತಿಂಗಳಿಗೆ ಇಂದು ನನ್ನ ಬಳಿ ಒಂದು ಚೀಟಿಯೂ ಇಲ್ಲ.